ಐದು ಡಾಲರಿನ ಆಚೆಗೆ ಫುಗಾಜಿ

ನಮ್ಮಲ್ಲಿ ಲೇಖಕರೊಬ್ಬರು ತೀರಿಕೊಂಡಾಗ ಬರುವ ನುಡಿನಮನಗಳನ್ನು ಗಮನಿಸಿ. ಎಷ್ಟು ಸರಳ ಮನುಷ್ಯ, ನುಡಿದಂತೆ ನಡೆದವರು, ಪ್ರಶಸ್ತಿಯ ಹಿಂದೆ ಬೀಳಲಿಲ್ಲ ಎನ್ನುವಷ್ಟರಲ್ಲೇ ಪುಟ ಮುಗಿದಿರುತ್ತದೆ. ಅವರು ಬರೆದ ವಾಕ್ಯ ಹೇಗಿತ್ತು ಎಂಬುದು ಯಾರಿಗೂ ಬೇಕಿರುವುದಿಲ್ಲ. ಅಮೆರಿಕದ ಇಂಡೀ ರಾಕ್ ಬ್ಯಾಂಡುಗಳಲ್ಲಿ ಇಂಥದ್ದೇ ಗತಿ ಬಂದಿರುವುದು ವಾಷಿಂಗ್ಟನ್ ಡಿ.ಸಿ.ಯ ಫುಗಾಜಿಗೆ. ಫುಗಾಜಿ ಎಂದರೆ ಐದು ಡಾಲರಿನ ಟಿಕೆಟ್ಟು, ಟೀ ಶರ್ಟ್ ಮಾರದ ಬ್ಯಾಂಡು, ದೊಡ್ಡ ಕಂಪನಿಗಳಿಗೆ ಸೊಪ್ಪು ಹಾಕದ ಛಲಗಾರರು. ಎಲ್ಲವೂ ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಈ ನಾಲ್ವರು ಹದಿನೈದು ವರ್ಷ ಗಿಟಾರು ಹಿಡಿದು ಮಾಡಿದ್ದೇನು ಎಂಬುದೇ ಪಕ್ಕಕ್ಕೆ ಸರಿದುಹೋಗುತ್ತದೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ಇಯಾನ್ ಮೆಕೈ 1980ರಲ್ಲಿ ಗೆಳೆಯ ಜೆಫ್ ನೆಲ್ಸನ್ ಜೊತೆ ಡಿಸ್ಕಾರ್ಡ್ ಎಂಬ ರೆಕಾರ್ಡ್ ಸಂಸ್ಥೆ ಶುರು ಮಾಡಿದಾಗ ಇನ್ನೂ ಹದಿನೆಂಟರ ಹುಡುಗ. ಅವನ ಮೈನರ್ ಥ್ರೆಟ್ ಬ್ಯಾಂಡು 1983ರಲ್ಲಿ ನಿಂತಿತು. 1987ರಲ್ಲಿ ಬೇಸ್ ಗಿಟಾರಿಗೆ ಜೋ ಲಾಲಿ, ಡ್ರಮ್ಸ್‌ಗೆ ಬ್ರೆಂಡನ್ ಕ್ಯಾಂಟಿ ಸೇರಿ ಫುಗಾಜಿ ವೇದಿಕೆ ಹತ್ತಿತು. ಗೀ ಪಿಚೊಟ್ಟೊ ಸ್ವಲ್ಪ ತಡವಾಗಿ ಬಂದ, ಅದೂ ಹಾಡುವುದಕ್ಕೆ ಮಾತ್ರ. ಅವನು ಬ್ಯಾಂಡಿನಲ್ಲಿ ಗಿಟಾರು ಕೈಗೆತ್ತಿಕೊಂಡದ್ದು 1990ರ 'ರಿಪೀಟರ್' ಹೊತ್ತಿಗೆ. ಅಲ್ಲಿಂದ 2001ರ 'ದಿ ಆರ್ಗ್ಯುಮೆಂಟ್'ವರೆಗೆ ಆರು ಆಲ್ಬಮ್ಮುಗಳು, ಒಟ್ಟು ಸಾವಿರಕ್ಕೂ ಹೆಚ್ಚು ಪ್ರದರ್ಶನಗಳು. 2002ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ನುಡಿಸಿದ್ದೇ ಕೊನೆ. ಆಮೇಲೆ ವಿರಾಮ ಎಂದರು. ಆ ವಿರಾಮ ಇನ್ನೂ ಮುಗಿದಿಲ್ಲ.

ಈಗ ಆ ಐದು ಡಾಲರಿನ ವಿಷಯ. ಬಜೆಟ್ಟಿನ ಹಾಳೆ ನೋಡುವುದೇ ಹೊಟ್ಟೆಪಾಡಾಗಿರುವ ನನ್ನಂಥವನಿಗೆ ಅದರಲ್ಲಿ ಮೊದಲು ಕಾಣುವುದು ತ್ಯಾಗವಲ್ಲ, ಲೆಕ್ಕ. ಮ್ಯಾನೇಜರ್ ಇಲ್ಲ, ಪ್ರದರ್ಶನಗಳನ್ನು ಗೊತ್ತುಮಾಡುವವನು ಮೆಕೈಯೇ. ಬಾಡಿಗೆ ಬಸ್ಸಿಲ್ಲ, ಸ್ವಂತ ವ್ಯಾನು. ಹೋಟೆಲಿನ ಬದಲು ಗೆಳೆಯರ ಮನೆಯ ನೆಲ. ಡಿಸ್ಕಾರ್ಡಿನಲ್ಲಿ ಬ್ಯಾಂಡುಗಳ ಜೊತೆ ಬರವಣಿಗೆಯ ಕರಾರೇ ಇರಲಿಲ್ಲ, ಹಾಗಾಗಿ ವಕೀಲರ ಖರ್ಚೂ ಇಲ್ಲ. ನಡುವೆ ನಿಂತು ತಿನ್ನುವವರನ್ನು ಒಬ್ಬೊಬ್ಬರಾಗಿ ತೆಗೆಯುತ್ತ ಹೋದರೆ ಟಿಕೆಟ್ಟು ಅಷ್ಟು ಅಗ್ಗವಾಗಿಯೂ ಹೊಟ್ಟೆ ತುಂಬುತ್ತದೆ ಎಂದು ಅವರು ಮಾಡಿ ತೋರಿಸಿದರು. ಎಲ್ಲ ವಯಸ್ಸಿನವರಿಗೂ ಪ್ರವೇಶ ಎಂಬ ನಿಯಮ ಬೇರೆ. ಅಮೆರಿಕದಲ್ಲಿ ರಾಕ್ ಸಂಗೀತ ನಡೆಯುವುದು ಬಹುಪಾಲು ಬಾರುಗಳಲ್ಲಿ. ಇಪ್ಪತ್ತೊಂದು ತುಂಬದವರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಇವರು ಚರ್ಚಿನ ನೆಲಮಾಳಿಗೆ, ಸಮುದಾಯ ಭವನ, ಶಾಲೆಯ ಜಿಮ್ ಹುಡುಕಿಕೊಂಡು ಹೋದರು.

ಈ ಲೆಕ್ಕ ಸಂಗೀತದ ಒಳಗೂ ಇಳಿದಿದೆ ಎನ್ನುವುದು ನನ್ನ ವಾದ. 'ವೇಟಿಂಗ್ ರೂಮ್' ಕೇಳಿ. ಬಹಳ ಜನ ಕೇಳಿರುವ ಅವರ ಹಾಡು ಅದೊಂದೇ. ಬೇಸ್ ಗಿಟಾರು ಒಂದೇ ಶುರುವಾಗುತ್ತದೆ, ಉಳಿದವರು ಬಂದು ಕೂಡುತ್ತಾರೆ, ಇಪ್ಪತ್ತು ಸೆಕೆಂಡು ಕಳೆಯುವಷ್ಟರಲ್ಲಿ ಎಲ್ಲರೂ ಗಕ್ಕನೆ ನಿಂತುಬಿಡುತ್ತಾರೆ. ಕೆಲವು ಸೆಕೆಂಡು ಏನೂ ಇಲ್ಲ. ಆಮೇಲೆ ಮತ್ತೆ ಅದೇ. ಮೈನರ್ ಥ್ರೆಟ್ ಕಾಲದ ಹಾರ್ಡ್‌ಕೋರ್ ಸಂಗೀತದಲ್ಲಿ ಉಸಿರಾಡುವುದಕ್ಕೂ ಬಿಡುವು ಇರಲಿಲ್ಲ. ವೇಗವೇ ಸಿಟ್ಟು, ಸಿಟ್ಟೇ ವೇಗ. ಅದೇ ಮನುಷ್ಯ ಇಲ್ಲಿ ಸಿಟ್ಟನ್ನು ಹಿಡಿದು ನಿಲ್ಲಿಸುವುದನ್ನು ಕಲಿತಿದ್ದಾನೆ. ಲಾಲಿಯ ಬೇಸ್ ಜಮೈಕಾದ ರೆಗೆ, ಡಬ್ ಸಂಗೀತದ ಕಡೆ ಕಿವಿಯಿಟ್ಟದ್ದು, ಅವಸರವಿಲ್ಲದ್ದು. ಅದು ನೆಲ. ಅದರ ಮೇಲೆ ಎರಡು ಗಿಟಾರುಗಳು ಒಂದೇ ಮಾತನ್ನು ಎರಡು ಸಲ ಹೇಳದೆ, ಒಂದು ಬಿಟ್ಟ ಜಾಗವನ್ನು ಮತ್ತೊಂದು ತುಂಬುತ್ತವೆ. ದುಂದು ಇಲ್ಲ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಹೊಟ್ಟೆಕಿಚ್ಚು ತರಿಸುತ್ತದೆ. ಇವರು ಯಾವ ಹಾಡಿನ ನಂತರ ಯಾವ ಹಾಡು ಎಂದು ಪಟ್ಟಿ ಮಾಡಿಕೊಂಡು ವೇದಿಕೆಗೆ ಹೋಗುತ್ತಿರಲಿಲ್ಲ. ಒಬ್ಬ ಒಂದು ತುಣುಕು ಶುರು ಮಾಡಿದರೆ ಉಳಿದವರು ಹಿಡಿದುಕೊಳ್ಳಬೇಕು. ದಿನಕ್ಕೆ ಮೂರು ಸ್ಟೇಟಸ್ ಕಾಲ್ ಇಟ್ಟುಕೊಂಡೂ ಪಕ್ಕದ ಟೀಮಿನವರು ಏನು ಮಾಡುತ್ತಿದ್ದಾರೆಂದು ತಿಳಿಯದ ಲೋಕದಲ್ಲಿರುವ ನನಗೆ ಇದು ಪವಾಡದಂತೆ ಕಾಣುತ್ತದೆ. ಅದರ ಹಿಂದಿದ್ದದ್ದು ವರ್ಷಗಟ್ಟಲೆ ಒಟ್ಟಿಗೆ ಮಾಡಿದ ಅಭ್ಯಾಸ, ಮತ್ತೇನಿಲ್ಲ.

ಎಲ್ಲ ಆಲ್ಬಮ್ಮೂ ಒಂದೇ ತೂಕದವಲ್ಲ. 1991ರ 'ಸ್ಟೆಡಿ ಡಯಟ್ ಆಫ್ ನಥಿಂಗ್' ನನಗೆ ಒಣಗಿದ ರೊಟ್ಟಿಯ ಹಾಗೆ. ಹಾಡುಗಳು ಗಟ್ಟಿ, ಧ್ವನಿಮುದ್ರಣದಲ್ಲಿ ಜೀವವಿಲ್ಲ. ತಾವೇ ನಿರ್ಮಾಪಕರಾದದ್ದರ ಫಲ ಅದು, ಎಲ್ಲವನ್ನೂ ನಾವೇ ಮಾಡುತ್ತೇವೆ ಎನ್ನುವ ಹಟದ ಮಿತಿ ಅಲ್ಲಿ ಕಾಣುತ್ತದೆ. ಮುಂದಿನ 'ಇನ್ ಆನ್ ದಿ ಕಿಲ್ ಟೇಕರ್'ಗಾಗಿ ಶಿಕಾಗೊಗೆ ಹೋಗಿ ಸ್ಟೀವ್ ಅಲ್ಬಿನಿ ಬಳಿ ಮುದ್ರಿಸಿದರು. ಕೇಳಿ ನೋಡಿದರೆ ಸರಿಬರಲಿಲ್ಲ. ಅಷ್ಟನ್ನೂ ಬದಿಗಿಟ್ಟು, ಊರಿಗೆ ಬಂದು, ಡಾನ್ ಜಿಯೆಂಟಾರನ ಇನ್ನರ್ ಇಯರ್ ಸ್ಟುಡಿಯೊದಲ್ಲಿ ಟೆಡ್ ನೈಸ್ಲಿ ಜೊತೆ ಮತ್ತೆ ಮಾಡಿದರು. 1993ರಲ್ಲಿ ಬಂದ ಆ ಆಲ್ಬಮ್ಮಿನಲ್ಲಿ ಸಿಟ್ಟೂ ಇದೆ, ಗಾಳಿಯೂ ಆಡುತ್ತದೆ. 1995ರ 'ರೆಡ್ ಮೆಡಿಸಿನ್' ಇನ್ನೂ ಮೇಲು. ಅಲ್ಲಿಂದ ಅವರು ಸ್ಟುಡಿಯೊವನ್ನೇ ಒಂದು ವಾದ್ಯದಂತೆ ಬಳಸತೊಡಗಿದರು. ಲಾಲಿ ಮೊದಲ ಸಲ ಹಾಡುವ 'ಬೈ ಯೂ'ದಲ್ಲಿ ಗಿಟಾರಿನ ಗದ್ದಲ ಮಳೆಗಾಲದ ಮೋಡದ ಹಾಗೆ ಕವಿಯುತ್ತದೆ, ಮನುಷ್ಯ ಮಾತ್ರ ಮೆಲ್ಲಗೆ ಮಾತಾಡುತ್ತಲೇ ಇರುತ್ತಾನೆ.

'ಸಜೆಶ್ಚನ್' ಹಾಡಿನ ಬಗ್ಗೆ ತಕರಾರು ಇರುವುದು ಸಹಜ. ಬೀದಿಯಲ್ಲಿ ನಡೆವ ಹೆಣ್ಣಿನ ಮೈಮೇಲೆ ಬೀಳುವ ಕಣ್ಣುಗಳ ಬಗ್ಗೆ, ಅವಳದೇ ದನಿಯಲ್ಲಿ, ಗಂಡಸೊಬ್ಬ ಹಾಡುವುದು. ಅವಳ ನೋವನ್ನು ಇವನು ಕಸಿದುಕೊಂಡ ಎನ್ನಬಹುದು. ಕೆಲವು ಪ್ರದರ್ಶನಗಳಲ್ಲಿ ಏಮಿ ಪಿಕರಿಂಗ್ ಬಂದು ಅದನ್ನು ಹಾಡಿದ್ದಿದೆ. ಆಗ ಹಾಡಿನ ಅರ್ಥವೇ ಬದಲಾಗುತ್ತದೆ. ಆದರೂ ಮೆಕೈ ಹಾಡಿದಾಗ ಎದುರಿಗಿದ್ದವರು ಬಹುಪಾಲು ಅಂಗಿ ಬಿಚ್ಚಿ ಒಬ್ಬರನ್ನೊಬ್ಬರು ಗುದ್ದುತ್ತಿದ್ದ ಹುಡುಗರು ಎಂಬುದನ್ನು ಮರೆಯಬಾರದು. ಹಾಡು ಅವರಿಗಾಗಿಯೇ ಇತ್ತು.

ಆ ಹುಡುಗರ ಜೊತೆಗಿನ ಜಗಳವೂ ಇವರ ಕಲೆಯ ಭಾಗ. ಗುದ್ದಾಡುವವರನ್ನು ಕಂಡರೆ ಹಾಡು ನಿಲ್ಲಿಸಿ ಮಾತಾಡಿಸುವುದು, ಕೇಳದಿದ್ದರೆ ಲಕೋಟೆಯಲ್ಲಿ ಐದು ಡಾಲರು ಹಾಕಿ ಕೈಗಿತ್ತು ಹೊರಗೆ ಕಳಿಸುವುದು. ಜೆಮ್ ಕೊಹೆನ್ ಹತ್ತು ವರ್ಷ ಚಿತ್ರಿಸಿ 1999ರಲ್ಲಿ ತಂದ 'ಇನ್‌ಸ್ಟ್ರುಮೆಂಟ್' ಚಿತ್ರದಲ್ಲಿ ಪಿಚೊಟ್ಟೊ ಅಂಥ ಒಬ್ಬ ಪುಂಡನನ್ನು, ಸ್ವಲ್ಪ ಹೊತ್ತಿಗೆ ಮುಂಚೆ ನೀನು ಐಸ್ ಕ್ರೀಮ್ ತಿನ್ನುತ್ತಿದ್ದದ್ದನ್ನು ನಾನು ನೋಡಿದ್ದೇನೆ ಎಂದು ಎಲ್ಲರೆದುರು ಛೇಡಿಸುತ್ತಾನೆ. ಅವನ ಪೌರುಷವೆಲ್ಲ ಅಲ್ಲೇ ಕರಗಿಹೋಗುತ್ತದೆ. ಫುಗಾಜಿಗೆ ಹಾಸ್ಯವೇ ಗೊತ್ತಿಲ್ಲ ಎನ್ನುವವರು ಇದೊಂದನ್ನಾದರೂ ನೋಡಬೇಕು.

ಪ್ರಭಾವದ ಮಾತಿಗೆ ಬಂದರೆ, ಧ್ವನಿಯನ್ನು ತೆಗೆದುಕೊಂಡವರು ಬಹಳ, ಲೆಕ್ಕವನ್ನು ತೆಗೆದುಕೊಂಡವರು ಕಡಿಮೆ. ಆಟ್ ದಿ ಡ್ರೈವ್-ಇನ್ ಥರದ ಬ್ಯಾಂಡುಗಳಲ್ಲಿ ಆ ನಿಲ್ಲಿಸಿ ಹೊರಡುವ ಲಯ, ಇಬ್ಬರ ದನಿಗಳ ಜಗಳ ಎದ್ದು ಕೇಳುತ್ತದೆ. ಪಿಚೊಟ್ಟೊ ಮತ್ತು ಕ್ಯಾಂಟಿ ಮೊದಲು ಇದ್ದ ರೈಟ್ಸ್ ಆಫ್ ಸ್ಪ್ರಿಂಗ್ ಬ್ಯಾಂಡನ್ನು 'ಇಮೊ' ಸಂಗೀತದ ಮೂಲ ಎನ್ನುತ್ತಾರೆ. ಆ ಹಣೆಪಟ್ಟಿಯನ್ನು ಪಿಚೊಟ್ಟೊ ಎಂದೂ ಒಪ್ಪಿಲ್ಲ. ಲೆಕ್ಕವನ್ನು ಅನುಸರಿಸುವುದು ಈಗ ಇನ್ನೂ ಕಷ್ಟ. ಗೆಳೆಯರು ಕೂಡಿ ಒಂದು ಮನೆ ಬಾಡಿಗೆ ಹಿಡಿದು, ಅಲ್ಲಿಂದಲೇ ರೆಕಾರ್ಡು ಹಂಚುವಷ್ಟು ಅಗ್ಗವಾಗಿತ್ತು ಎಂಬತ್ತರ ದಶಕದ ಆ ಊರು. ಅದು ಕೈತಪ್ಪುತ್ತಿರುವುದು ಅವರಿಗೂ ಗೊತ್ತಿತ್ತು. 'ದಿ ಆರ್ಗ್ಯುಮೆಂಟ್'ನ 'ಕ್ಯಾಶ್‌ಔಟ್' ಬಾಡಿಗೆದಾರರನ್ನು ಒಕ್ಕಲೆಬ್ಬಿಸಿ ಬಡಾವಣೆಯನ್ನು 'ಅಭಿವೃದ್ಧಿ' ಮಾಡುವುದರ ಬಗ್ಗೆಯೇ ಇದೆ. ಅದರ ಮೊದಲರ್ಧದಲ್ಲಿ ಮೆಕೈ ಕೂಗುವುದಿಲ್ಲ, ಕಚೇರಿಯ ನೋಟಿಸು ಓದಿದ ಹಾಗೆ ತಣ್ಣಗೆ ಹಾಡುತ್ತಾನೆ. ಮನೆ ಖಾಲಿ ಮಾಡಿಸಿಕೊಂಡವರಿಗೆ ಆ ತಣ್ಣನೆಯ ದನಿಯ ಪರಿಚಯ ಇದ್ದೇ ಇರುತ್ತದೆ.

ಕೇಳಬೇಕೆನ್ನುವವರು ಈ ಕೊನೆಯ ಆಲ್ಬಮ್ಮಿನಿಂದಲೇ ಶುರು ಮಾಡಿ, ಹಿಂದಕ್ಕೆ ಹೋಗಿ. ಆಮೇಲೆ ಡಿಸ್ಕಾರ್ಡಿನವರು 2011ರಿಂದ ಜಾಲತಾಣದಲ್ಲಿ ಹಾಕುತ್ತ ಬಂದ ಪ್ರದರ್ಶನಗಳ ಸಂಗ್ರಹ ಇದೆ, ಎಂಟುನೂರಕ್ಕೂ ಹೆಚ್ಚು ಧ್ವನಿಮುದ್ರಣಗಳು. ಒಂದಕ್ಕೆ ಸೂಚಿಸಿದ ಬೆಲೆ ಐದು ಡಾಲರು, ಬೇಕಾದರೆ ಒಂದೇ ಡಾಲರು ಕೊಡಬಹುದು. ಕೆಲವಂತೂ ಗುಹೆಯೊಳಗಿಂದ ಕೇಳಿಸಿದ ಹಾಗಿವೆ. ಒಂದೇ ಹಾಡನ್ನು ನಾಲ್ಕಾರು ಊರುಗಳ ಪ್ರದರ್ಶನಗಳಲ್ಲಿ ಸಾಲಾಗಿ ಕೇಳಿ, ಕ್ಯಾಂಟಿಯ ಡ್ರಮ್ಸನ್ನೇ ಹಿಂಬಾಲಿಸಿ. ಅವನ ಪಕ್ಕದಲ್ಲಿ ತೂಗುಹಾಕಿದ ಒಂದು ದೊಡ್ಡ ಗಂಟೆ ಇರುತ್ತದೆ. ಅದನ್ನು ಅವನು ಯಾವಾಗ ಬಾರಿಸುತ್ತಾನೋ ಮೊದಲೇ ಹೇಳಲು ಬರುವುದಿಲ್ಲ.