ದಖನಿನ ಸುಲ್ತಾನರ ನಾಡಿನಲ್ಲಿ ಪಾಶ್ಚಾತ್ಯ ಪ್ರವಾಸಿ: ಜಾನಪದ ಆಕರವಾಗಿ ಪ್ರವಾಸಕಥನ

ಕರ್ನಾಟಕಕ್ಕೆ ಬಂದುಹೋದ ವಿದೇಶಿಯರ ಬರಹಗಳನ್ನು ಕನ್ನಡದ ಸಂಶೋಧನೆಯು ಬಹುಮಟ್ಟಿಗೆ ರಾಜಕೀಯ ಚರಿತ್ರೆಯ ಆಕರಗಳನ್ನಾಗಿಯೇ ಬಳಸಿಕೊಂಡು ಬಂದಿದೆ. ರಾಬರ್ಟ್ ಸಿವೆಲ್ ೧೯೦೦ರಲ್ಲಿ ಪ್ರಕಟಿಸಿದ ವಿಜಯನಗರ ಕುರಿತ ಗ್ರಂಥದ ಮೂಲಕ ಪಾಯೆಸ್ ಮತ್ತು ನೂನಿಜ್ ಅವರ ಬರಹಗಳು ವಿದ್ವತ್ ಲೋಕಕ್ಕೆ ಪರಿಚಿತವಾದವು. ಅಲ್ಲಿಂದ ಮುಂದೆ ಪ್ರವಾಸಿ ಎಂದರೆ ನಗರದ ವೈಭವಕ್ಕೆ, ಸೈನ್ಯದ ಸಂಖ್ಯೆಗೆ, ಪೇಟೆಯ ಸರಕಿಗೆ ಸಾಕ್ಷಿ ಹೇಳುವವನು ಎಂಬ ಗ್ರಹಿಕೆ ನೆಲೆನಿಂತಿತು. ಈ ಗ್ರಹಿಕೆಯಿಂದ ಎರಡು ನಷ್ಟಗಳಾಗಿವೆ. ಸುಲ್ತಾನರ ಆಳ್ವಿಕೆಯ ಬೀದರ, ಕಲಬುರಗಿ, ವಿಜಾಪುರ ಸೀಮೆಗಳಲ್ಲಿ ಬದುಕಿದ ಪಾಶ್ಚಾತ್ಯರ ಕಥನಗಳು ಹಿಂದೆ ಸರಿದದ್ದು ಮೊದಲನೆಯದು. ಎರಡನೆಯದು, ಆ ಕಥನಗಳೊಳಗಿನ ಶಕುನ, ಶಾಪ, ಐತಿಹ್ಯ, ಪ್ರಾಣಿಕಥೆಗಳು ಪ್ರವಾಸಿಯ ಮುಗ್ಧತೆಯ ಗುರುತುಗಳೆಂದು ಬದಿಗೆ ಸರಿದವು. ಚರಿತ್ರೆಕಾರನು ಕೈಬಿಟ್ಟ ಈ ಭಾಗವೇ ಜಾನಪದ ವಿದ್ವಾಂಸನಿಗೆ ಮುಖ್ಯವಾದ ಆಕರವೆಂಬುದು ಪ್ರಸ್ತುತ ಲೇಖನದ ನಿಲುವು.

ಈ ನಿಲುವನ್ನು ಪರೀಕ್ಷಿಸಲು ಎರಡು ಪಠ್ಯಗಳನ್ನು ಆರಿಸಿಕೊಳ್ಳಲಾಗಿದೆ. ಬಹಮನಿ ರಾಜ್ಯದಲ್ಲಿ ಕೆಲವು ವರ್ಷ ಕಳೆದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್‌ನ 'ಮೂರು ಸಮುದ್ರಗಳಾಚೆಯ ಯಾತ್ರೆ' ಒಂದು. ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್‌ನ ಆತ್ಮಕಥೆ ಇನ್ನೊಂದು. ಇಬ್ಬರೂ ಮುಸ್ಲಿಮ್ ದೊರೆಗಳ ಆಶ್ರಯದಲ್ಲಿ ಬದುಕಿದ ಕ್ರೈಸ್ತರು. ಒಬ್ಬನಿಗೆ ಯಾವ ಅಧಿಕಾರವೂ ಇರಲಿಲ್ಲ; ಇನ್ನೊಬ್ಬನು ಒಂದು ಸಂಸ್ಥಾನವನ್ನೇ ನಡೆಸಿದನು. ಈ ವ್ಯತ್ಯಾಸವು ಅವರ ಕಿವಿಗೆ ಏನು ಬಿತ್ತು ಎಂಬುದನ್ನು ಹೇಗೆ ನಿರ್ಧರಿಸಿತು ಎಂಬುದೇ ಇಲ್ಲಿಯ ಪ್ರಶ್ನೆ.

೧. ಪಠ್ಯ ಮತ್ತು ಪ್ರವಾಸಿ

ನಿಕಿತಿನ್ ರಷ್ಯಾದ ತ್ವೇರ್ ಪಟ್ಟಣದವನು. ೧೪೬೦ರ ದಶಕದ ಉತ್ತರಾರ್ಧದಲ್ಲಿ ವೋಲ್ಗಾ ನದಿಯ ಮಾರ್ಗವಾಗಿ ಹೊರಟ ಅವನನ್ನು ದಾರಿಯಲ್ಲಿ ದರೋಡೆಕಾರರು ದೋಚಿದರು. ಸರಕಿನೊಡನೆ ಧರ್ಮಗ್ರಂಥಗಳೂ ಹೋದವು. ಪರ್ಷಿಯಾವನ್ನು ದಾಟಿ ಹೊರ್ಮುಜ್‌ನಿಂದ ಹಡಗೇರಿ, ಕೊಂಕಣದ ಚೌಲ್‌ನಲ್ಲಿಳಿದು, ಜುನ್ನರ್ ಮಾರ್ಗವಾಗಿ ಬೀದರವನ್ನು ಸೇರಿದನು. ಅವನು ಬೀದರದಲ್ಲಿದ್ದ ವರ್ಷಗಳ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ ಅದು ಮಹಮೂದ್ ಗವಾನನು ಪ್ರಬಲನಾಗಿದ್ದ ಕಾಲವೆಂಬುದು ನಿರ್ವಿವಾದ. ಹಿಂದಿರುಗುವ ದಾರಿಯಲ್ಲಿ ಸ್ಮೊಲೆನ್ಸ್ಕ್ ತಲಪುವ ಮುನ್ನವೇ ಅವನು ಮರಣಹೊಂದಿದನು. ಅವನ ಟಿಪ್ಪಣಿಗಳು ೧೪೭೫ನೆಯ ವರ್ಷದ ದಾಖಲೆಯಾಗಿ ರಷ್ಯನ್ ವೃತ್ತಾಂತಗಳಲ್ಲಿ ಸೇರಿದವು. ೧೯ನೆಯ ಶತಮಾನದಲ್ಲಿ ಇತಿಹಾಸಕಾರ ಕರಮ್‌ಜಿನ್ ಅವುಗಳತ್ತ ಗಮನ ಸೆಳೆದನು. ಹಕ್ಲೂಯಿಟ್ ಸೊಸೈಟಿಯ ೧೮೫೭ರ ಸಂಪುಟದ ಮೂಲಕ ಇಂಗ್ಲಿಷ್ ಓದುಗರಿಗೆ ದೊರೆತವು.

ಇದು ಆಸ್ಥಾನಕ್ಕೆ ಒಪ್ಪಿಸಿದ ವರದಿಯಲ್ಲ. ಕುದುರೆಯ ಮೇವಿನ ಖರ್ಚು, ಸುಲ್ತಾನನ ಮೆರವಣಿಗೆ, ತಪ್ಪಿಹೋದ ಹಬ್ಬಗಳ ಲೆಕ್ಕ, ಅರಬಿ–ತುರ್ಕಿ ಮಿಶ್ರಿತ ಪ್ರಾರ್ಥನೆ ಎಲ್ಲವೂ ಒಂದೇ ಓಟದಲ್ಲಿ ಬರುತ್ತವೆ. ಆಡುಮಾತಿನ ಲಯವಿರುವ ಈ ಗದ್ಯದಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸುವ ಯತ್ನವಿಲ್ಲ. ಚರಿತ್ರೆಕಾರನಿಗೆ ದೋಷವಾಗಿ ಕಾಣುವ ಈ ಬೆರಕೆಯಿಂದಾಗಿಯೇ, ಕೇಳಿದ ಕಥೆಗಳು ತಿದ್ದುಪಡಿಗೊಳಗಾಗದೆ ಉಳಿದುಬಂದಿವೆ.

೨. ರೇ ಪಟ್ಟಣದ ಶಾಪ ಮತ್ತು ಕರ್ಬಲದ ಪಯಣ

ಪರ್ಷಿಯಾದಲ್ಲಿ ನಿಕಿತಿನ್ ದೀರ್ಘಕಾಲ ಇದ್ದರೂ ಆ ಭಾಗದ ಬರವಣಿಗೆ ಬಹುತೇಕ ಊರುಗಳ ಪಟ್ಟಿಯೇ ಆಗಿದೆ. ಆ ಪಟ್ಟಿಯ ನಡುವೆ, ಇಂದಿನ ಟೆಹರಾನಿನ ಬಳಿಯ ರೇ ಪಟ್ಟಣದ ಹೆಸರು ಬಂದಾಗ ಮಾತ್ರ ಒಂದು ಕಥೆ ಇಣುಕುತ್ತದೆ. ಅಲಿಯ ಮಕ್ಕಳೂ ಮಹಮದರ ಮೊಮ್ಮಕ್ಕಳೂ ಆದ 'ಶಾ ಹುಸೇನ'ರನ್ನು ಅಲ್ಲಿ ಕೊಂದರೆಂದೂ, ಆ ಶಾಪದಿಂದ ಎಪ್ಪತ್ತು ಪಟ್ಟಣಗಳು ಹಾಳಾದವೆಂದೂ ಅವನು ಬರೆಯುತ್ತಾನೆ.

ಚರಿತ್ರೆಯ ಪ್ರಕಾರ ಹುಸೇನರು ಹುತಾತ್ಮರಾದದ್ದು ಕ್ರಿ.ಶ. ೬೮೦ರಲ್ಲಿ, ಇರಾಕಿನ ಕರ್ಬಲದಲ್ಲಿ. ಆದುದರಿಂದ ಈ ಹೇಳಿಕೆಯನ್ನು ಪ್ರವಾಸಿಯ ತಪ್ಪೆಂದು ತಳ್ಳಿಹಾಕುವುದು ಸುಲಭ. ಆದರೆ ತಪ್ಪಿಗೂ ಒಂದು ತರ್ಕವಿದೆ. ಕರ್ಬಲದಲ್ಲಿ ಸೈನ್ಯದ ಮುಂದಾಳಾಗಿದ್ದ ಉಮರ್ ಇಬ್ನ್ ಸಾದನಿಗೆ ರೇ ಪ್ರಾಂತದ ಆಡಳಿತವನ್ನು ಆಮಿಷವಾಗಿ ಒಡ್ಡಲಾಗಿತ್ತೆಂಬುದು ಇಸ್ಲಾಮಿನ ಇತಿಹಾಸ ಪರಂಪರೆಯಲ್ಲಿ ಪ್ರಸಿದ್ಧ. ೧೩ನೆಯ ಶತಮಾನದ ಮಂಗೋಲ್ ದಾಳಿಯಲ್ಲಿ ಆ ನಗರ ನಾಶವಾಯಿತು. ಕಣ್ಣೆದುರಿನ ಪಾಳು ಊರಿಗೆ ಜನ ಕಾರಣ ಹುಡುಕಿದಾಗ ಹಳೆಯ ಪಾಪದ ನೆನಪು ಅಲ್ಲಿಗೆ ಬಂದು ನೆಲೆಸಿದೆ ಎಂದು ಊಹಿಸಲು ಅವಕಾಶವಿದೆ. ಹಾಳೂರಿಗೆ ಶಾಪದ ಕಥೆ ಕಟ್ಟುವ ಈ ಕ್ರಮವು ತಲಕಾಡಿನ ಐತಿಹ್ಯವನ್ನು ಬಲ್ಲ ಕನ್ನಡಿಗರಿಗೆ ಅಪರಿಚಿತವೇನಲ್ಲ.

ದೂರದ ದುರಂತವನ್ನು ತಮ್ಮ ನೆಲಕ್ಕೆ ತಂದುಕೊಳ್ಳುವ ಇದೇ ಪ್ರಕ್ರಿಯೆ ಉತ್ತರ ಕರ್ನಾಟಕದ ಮೊಹರಮಿನಲ್ಲಿ ಇನ್ನೂ ವಿಸ್ತಾರವಾಗಿ ನಡೆದಿದೆ. ಯಾವಗಲ್ ಇರುವ ರೋಣ–ನರಗುಂದದ ಎರೆಸೀಮೆಯೂ ಸೇರಿದಂತೆ ಈ ಭಾಗದ ಊರುಗಳಲ್ಲಿ ಮೊಹರಮ್ ಎಂದರೆ ಅಲಾಯಿ ಕುಣಿ, ಪಂಜಾ, ಡೋಲಿ, ಹೆಜ್ಜೆಮೇಳ, ರಿವಾಯತ ಪದಗಳ ಹಬ್ಬ. ಮುಸ್ಲಿಮ್ ಮನೆಗಳು ಬೆರಳೆಣಿಕೆಯಷ್ಟಿರುವಲ್ಲಿಯೂ, ಕೆಲವೆಡೆ ಇಲ್ಲದಿರುವಲ್ಲಿಯೂ, ಊರವರೇ ದೇವರನ್ನು ಕೂಡ್ರಿಸುವುದುಂಟು. ರಿವಾಯತ ಪದಗಳಲ್ಲಿ ಕರ್ಬಲದ ಹೆಣ್ಣುಮಕ್ಕಳ ದುಃಖವು ಕನ್ನಡದ ಒಕ್ಕಲು ಮನೆಯ ಹೆಣ್ಣುಮಕ್ಕಳ ಮಾತಿನಲ್ಲಿ ಹರಿಯುತ್ತದೆ. ಶಿಶುನಾಳ ಶರೀಫರೂ ಈ ಪ್ರಕಾರದಲ್ಲಿ ಪದ ಕಟ್ಟಿದ್ದಾರೆ. ರಹಮತ್ ತರೀಕೆರೆಯವರ 'ಕರ್ನಾಟಕದ ಮೊಹರಂ' ಈ ಸಾಮಗ್ರಿಯ ವ್ಯಾಪ್ತಿಯನ್ನು ತೋರಿಸಿಕೊಟ್ಟಿದೆ.

ಪರ್ಷಿಯಾದಂಥ ಮುಸ್ಲಿಮ್ ಬಹುಸಂಖ್ಯಾತ ದೇಶದಲ್ಲಿಯೂ ಕರ್ಬಲವು ಸ್ಥಳೀಯ ಐತಿಹ್ಯವಾಗಿ ರೂಪಾಂತರ ಹೊಂದಿತ್ತೆಂಬುದಕ್ಕೆ ನಿಕಿತಿನ್‌ನ ಒಂದು ಸಾಲಿನ ದಾಖಲೆ ಸಾಕ್ಷಿ. ಹಾಗಿರುವಾಗ ಕನ್ನಡದ ರಿವಾಯತವನ್ನು 'ಮೂಲ'ದಿಂದ ದೂರ ಸರಿದ ವಿಕೃತ ರೂಪವೆಂದಾಗಲಿ, ಹಿಂದೂ ಪ್ರಭಾವದ ಫಲ ಮಾತ್ರವೆಂದಾಗಲಿ ವಿವರಿಸುವುದು ಸಮರ್ಪಕವಲ್ಲ. ಕಥೆಯನ್ನು ತಮ್ಮೂರಿನದಾಗಿಸಿಕೊಳ್ಳುವುದು ಕರ್ಬಲ ಕಥನದ ಪ್ರಸರಣದಲ್ಲೇ ಅಡಗಿರುವ ಗುಣವಾಗಿದೆ.

೩. ಆಳಂದದ ಜಾತ್ರೆ, ಗೂಗಿ ಮತ್ತು ಮಂಗಗಳ ಅರಸ

ಬೀದರದಿಂದ ಹನ್ನೆರಡು ಹರದಾರಿ ದೂರದಲ್ಲಿ ಶೇಖ್ ಅಲಾವುದ್ದೀನರ ನೆನಪಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಸಂತೆಯನ್ನು ನಿಕಿತಿನ್ ವರ್ಣಿಸುತ್ತಾನೆ. ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂಬುದು ಅವನ ಹೇಳಿಕೆ. ಈ ಸ್ಥಳವನ್ನು ಲಾಡ್ಲೆ ಮಶಾಕ್ ದರ್ಗಾ ಇರುವ ಇಂದಿನ ಆಳಂದವೆಂದು ಗುರುತಿಸಲಾಗಿದೆ.

ಸಂತೆಯ ವಿವರದ ಬೆನ್ನಿಗೇ ಅವನು 'ಗುಕುಕ್' ಎಂಬ ಹಕ್ಕಿಯ ಸುದ್ದಿ ಹೇಳುತ್ತಾನೆ. ಅದು ರಾತ್ರಿ ಹಾರುತ್ತದೆ. ಯಾವ ಮನೆಯ ಮೇಲೆ ಕೂರುತ್ತದೋ ಅಲ್ಲಿ ಸಾವಾಗುತ್ತದೆ. ಕೊಲ್ಲಹೋದರೆ ಬಾಯಿಂದ ಬೆಂಕಿ ಹೊರಡುತ್ತದೆ. ಗೂಗಿ ಮನೆಯ ಮೇಲೆ ಕೂತರೆ ಕೇಡೆಂಬ ನಂಬಿಕೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದೆ. ಹೆಸರಿನ ಸಾಮ್ಯವೂ ಆಕರ್ಷಕವಾಗಿದೆ. ಆದರೆ ಗೂಗಿ, ಗೂಗೆ, ಸಂಸ್ಕೃತದ ಘೂಕ ಇವೆಲ್ಲ ಕೂಗಿನ ಅನುಕರಣೆಯಿಂದ ಹುಟ್ಟಿದ ಪದಗಳು. ಅಂಥ ಪದಗಳು ಯಾವ ಭಾಷೆಯಲ್ಲಿಯೂ ಒಂದೇ ಬಗೆಯಾಗಿ ಹುಟ್ಟಬಲ್ಲವು. ಆದುದರಿಂದ ನಿಕಿತಿನ್ ಕನ್ನಡದ ಪದವನ್ನೇ ಕೇಳಿದನೆಂದು ಸಾಧಿಸಲಾಗದು. ಶಕುನದ ನಂಬಿಕೆಯು ಐದೂವರೆ ಶತಮಾನಗಳ ಹಿಂದೆ ಈ ಸೀಮೆಯಲ್ಲಿ ಪರಕೀಯನ ಕಿವಿಗೂ ಬೀಳುವಷ್ಟು ಬಳಕೆಯಲ್ಲಿತ್ತೆಂದಷ್ಟೇ ಹೇಳಬಹುದು. ಬೆಂಕಿಯುಗುಳುವ ಅಂಶವು ಆ ಹಕ್ಕಿಯನ್ನು ಕೊಲ್ಲಬಾರದೆಂಬ ನಿಷೇಧದ ಕಥಾರೂಪವಿರಬೇಕು.

ಮಂಗಗಳಿಗೊಬ್ಬ ಅರಸನಿದ್ದಾನೆ, ಯಾರಾದರೂ ಕೆಣಕಿದರೆ ಮಂಗಗಳು ಅವನಲ್ಲಿ ದೂರು ಕೊಡುತ್ತವೆ, ಅವನು ದಂಡು ಕಳಿಸಿ ಊರನ್ನು ಹಾಳುಗೆಡಹುತ್ತಾನೆ ಎಂಬ ಕಥೆಯೂ ಅಲ್ಲಿಯೇ ಬರುತ್ತದೆ. ಇದನ್ನು ರಾಮಾಯಣದ ವಾನರಸೇನೆಗೆ ಜೋಡಿಸುವುದು ವಾಡಿಕೆ. ಆದರೆ ಕಥೆಯ ಕೊನೆಯನ್ನು ಗಮನಿಸಬೇಕು: ತಂದೆತಾಯಿಯನ್ನು ಹೋಲದ ಮರಿಗಳನ್ನು ಮಂಗಗಳು ದಾರಿಯಲ್ಲಿ ಎಸೆದುಹೋಗುತ್ತವೆ, ಜನ ಅವನ್ನು ಹಿಡಿದು ಕೆಲಸ, ಕುಣಿತ ಕಲಿಸುತ್ತಾರೆ. ಇದು ಪುರಾಣದ ತುಣುಕಿಗಿಂತ ಮಂಗ ಆಡಿಸುವವರ ವೃತ್ತಿಗೆ ಸಂಬಂಧಿಸಿದ ಕಾರಣಕಥೆಯಂತಿದೆ. ಪವಿತ್ರವೆನಿಸಿದ ಪ್ರಾಣಿಯನ್ನು ಹಿಡಿದು ಕುಣಿಸುವವರಿಗೆ, ತಾವು ಹಿಡಿದದ್ದು ಮಂದೆ ತೊರೆದ ಮರಿಗಳನ್ನಷ್ಟೇ ಎಂಬ ಸಮರ್ಥನೆ ಬೇಕಾಗುತ್ತದೆ. ಸಂತೆಯ ಕಟ್ಟೆಯಲ್ಲಿ ಹುಟ್ಟಿದ ಕಥೆ ಸಂತೆಯ ವಿವರದ ಪಕ್ಕದಲ್ಲೇ ದಾಖಲಾಗಿರುವುದು ಆಕಸ್ಮಿಕವಾಗಿರಲಾರದು.

೪. ಎರಡು ಹೆಸರು, ಎರಡು ಬಾಗಿಲು

ಜುನ್ನರಿನಲ್ಲಿ ಅಸದ್ ಖಾನನು ನಿಕಿತಿನ್‌ನ ಕುದುರೆಯನ್ನು ಕಿತ್ತುಕೊಂಡು, ಮತಾಂತರಗೊಂಡರೆ ಕುದುರೆಯ ಜೊತೆಗೆ ಸಾವಿರ ಹೊನ್ನನ್ನೂ ಕೊಡುವೆನೆಂದನು. ಅವನನ್ನು ಪಾರುಮಾಡಿದವನು ಖುರಾಸಾನಿನ ಖೋಜಾ ಮಹಮದ್. ಒತ್ತಾಯಿಸಿದವನೂ ಮುಸ್ಲಿಮ್, ಬಿಡಿಸಿದವನೂ ಮುಸ್ಲಿಮ್ ಎಂಬುದನ್ನು ಇಡಿಯಾಗಿ ಓದಬೇಕಾಗುತ್ತದೆ. ಇದರಲ್ಲಿ ಅರ್ಧವನ್ನಷ್ಟೇ ಎತ್ತಿ ಹೇಳುವ ಓದುಗಳು ಪಠ್ಯಕ್ಕೆ ನ್ಯಾಯ ಸಲ್ಲಿಸುವುದಿಲ್ಲ. ಮುಂದೆ ಅವನು ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಿಂದ ಬಾಳಿದನು, ಮುಸ್ಲಿಮರೊಡನೆ ಉಪವಾಸವಿದ್ದನು. ಅವನು ಮನಸಾ ಇಸ್ಲಾಮನ್ನು ಒಪ್ಪಿದನೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ಬೀದರದಲ್ಲಿ ಪರಿಚಿತರಾದ ಹಿಂದೂಗಳಿಗೆ ಅವನು ತಾನು ಮುಸ್ಲಿಮನಲ್ಲ, ಕ್ರೈಸ್ತನೆಂದು ತಿಳಿಸಿದನು. ಅಂದಿನಿಂದ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮರೆಮಾಡಲಿಲ್ಲವೆಂದು ಬರೆಯುತ್ತಾನೆ. ಅವರೊಡನೆ ಶಿವರಾತ್ರಿಗೆ 'ಪರ್ವತ'ಕ್ಕೆ, ಅಂದರೆ ಶ್ರೀಶೈಲಕ್ಕೆ, ಹೋಗಿಬಂದನು. ಜಾನಪದ ಕ್ಷೇತ್ರಕಾರ್ಯದ ದೃಷ್ಟಿಯಿಂದ ಇದು ಮಹತ್ವದ ಸಾಕ್ಷ್ಯ. ವಕ್ತೃವಿನ ನಾಲಗೆ ಬಿಚ್ಚುವುದು ಕೇಳುಗನು ಯಾರು ಎಂಬುದರ ಮೇಲೆ ನಿಂತಿರುತ್ತದೆ. ಖೋಜಾ ಯೂಸುಫನಿಗೆ ತೆರೆದ ಬಾಗಿಲು ಒಂದು, ಅಫನಾಸಿಗೆ ತೆರೆದದ್ದು ಇನ್ನೊಂದು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮಾತು ನೇರವಾಗಿ ಬರುವುದಿಲ್ಲ. ಹಿಂದೂಗಳು 'ಬುತ್'ಗಳನ್ನು ನಂಬುವರೆಂದೂ, ಅವು ಆದಮನೂ ಅವನ ಕುಲವೂ ಎಂದು ಅವರೇ ಹೇಳಿದರೆಂದೂ ಅವನ ಬರಹ. 'ಬುತ್' ಎಂಬುದು ವಿಗ್ರಹವೆಂಬ ಅರ್ಥದ ಪರ್ಷಿಯನ್ ಪದ. ಕನ್ನಡದ ಭೂತಾರಾಧನೆಗೆ ಇದನ್ನು ಜೋಡಿಸಬಾರದು. ಶಿವನನ್ನು ಆದಮನಿಗೆ ಸಮೀಕರಿಸಿದ್ದು ಆದಿಪುರುಷನ ಕಲ್ಪನೆಯನ್ನು ಪರಕೀಯನಿಗೆ ಅರ್ಥವಾಗುವ ಹೆಸರಿನಿಂದ ವಿವರಿಸಿದ ಯತ್ನವಾಗಿರಬಹುದು. ಅಂತೆಯೇ ಈ ನಾಡಿನಲ್ಲಿ ಎಂಬತ್ತನಾಲ್ಕು ಮತಗಳಿವೆಯೆಂಬ ಅವನ ಲೆಕ್ಕವೂ ಎಣಿಕೆಯಲ್ಲ. ಎಂಬತ್ತನಾಲ್ಕು ಲಕ್ಷ ಜೀವರಾಶಿ, ಎಂಬತ್ತನಾಲ್ಕು ಸಿದ್ಧರು ಎನ್ನುವಲ್ಲಿಯ ರೂಢಿಯ ಸಂಖ್ಯೆ. ಹೀಗೆ ಪಠ್ಯದ ಅತ್ಯಂತ ವಾಸ್ತವಿಕವೆನಿಸುವ ಅಂಕಿಯೇ ಜನಪದ ಸೂತ್ರವಾಗಿದೆ.

೫. ಸುರಪುರದ 'ಅಪ್ಪ' ಮತ್ತು ಜಾತಕದ ಕಥೆ

ಮೆಡೋಸ್ ಟೇಲರ್ (೧೮೦೮–೧೮೭೬) ಹುಡುಗನಾಗಿಯೇ ನಿಜಾಮನ ಸೈನ್ಯ ಸೇರಿ, ೧೮೪೧ರಿಂದ ೧೮೫೩ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡನು. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪ' ಎಂದು ಕರೆಯುತ್ತಿದ್ದನು. ಅವನ ಮರಣಾನಂತರ ೧೮೭೭ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಪ್ರಸಿದ್ಧವಾದ ಒಂದು ಪ್ರಸಂಗವಿದೆ: ರಾಜನು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಅಳಿಯುವನೆಂಬ ಜಾತಕದ ಗುಟ್ಟನ್ನು ರಾಣಿಯು ಟೇಲರನಿಗೆ ತಿಳಿಸಿದ್ದು. ೧೮೫೮ರ ಬಂಡಾಯದ ನಂತರ ಸೆರೆಯಾದ ರಾಜನಿಗೆ ವಿಧಿಸಿದ್ದ ಶಿಕ್ಷೆ ತಗ್ಗಿದರೂ, ಒಯ್ಯುವ ದಾರಿಯಲ್ಲಿ ಅವನು ಗುಂಡಿಗೆ ಬಲಿಯಾದನು. ಭವಿಷ್ಯ ನಿಜವಾಯಿತೆಂದು ಟೇಲರ್ ಕಥೆಯನ್ನು ಮುಗಿಸುತ್ತಾನೆ.

ಈ ಕಥನವನ್ನು ವಿಮರ್ಶೆಯಿಲ್ಲದೆ ಒಪ್ಪುವಂತಿಲ್ಲ. ಟೇಲರನ ಮಮತೆ ಪ್ರಾಮಾಣಿಕವಾಗಿರಬಹುದು. ಆದರೆ ಘಟನೆ ನಡೆದ ಮೇಲೆ ಹೇಳಲಾದ ಭವಿಷ್ಯವು ರಾಜನ ಸಾವಿನ ಹೊಣೆಯನ್ನು ಗ್ರಹಗತಿಗೆ ವರ್ಗಾಯಿಸುತ್ತದೆ. ಬಂಡಾಯದ ಕಾರಣಗಳು ಹಿನ್ನೆಲೆಗೆ ಸರಿಯುತ್ತವೆ. ಇದಕ್ಕೆದುರಾಗಿ ಜಾನ್ ಫೇತ್‌ಫುಲ್ ಫ್ಲೀಟ್ ಸಂಗ್ರಹಿಸಿ ೧೮೮೦ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯ ಬೇಡರ ದಂಗೆಯ ಲಾವಣಿಯನ್ನು ಇಟ್ಟು ನೋಡಬೇಕು. ಸುರಪುರದ ದೊರೆಗಳಂತೆ ಹಲಗಲಿಯವರೂ ಬೇಡರೇ. ಅಲ್ಲಿ ಕಾರಣ ಜಾತಕವಲ್ಲ, ಹತಾರ ಒಪ್ಪಿಸಬೇಕೆಂಬ ಸರಕಾರದ ಆಜ್ಞೆ. ೧೮೫೮ರಲ್ಲಿ ನರಗುಂದದ ಬಾಬಾಸಾಹೇಬನ ಬಂಡಾಯವನ್ನು ಕಂಡ ಸೀಮೆಯ ಜನರಿಗೂ ಈ ವಿವರಣೆ ಹತ್ತಿರದ್ದೇ ಆಗಿದ್ದೀತು. ಅಧಿಕಾರಿಯ ಕಥನದಲ್ಲಿ ವಿಧಿ ಮಾತನಾಡಿದರೆ, ಜನಪದ ಕವಿಯ ಲಾವಣಿಯಲ್ಲಿ ಕಾಯ್ದೆ ಮಾತನಾಡುತ್ತದೆ. ಜನಪದರು ದೈವವಾದಿಗಳು, ವಿದ್ಯಾವಂತ ಪಾಶ್ಚಾತ್ಯರು ಕಾರ್ಯಕಾರಣವಾದಿಗಳು ಎಂಬ ಸಿದ್ಧ ಸಮೀಕರಣ ಇಲ್ಲಿ ತಲೆಕೆಳಗಾಗುತ್ತದೆ.

೬. ಸಮಾರೋಪ

ಬಹಮನಿ ರಾಜ್ಯವಾಗಲಿ ನಿಜಾಮನ ರಾಜ್ಯವಾಗಲಿ ಮುಸ್ಲಿಮ್ ಆಳ್ವಿಕೆಯ ನಾಡುಗಳೇ ಹೊರತು ಮುಸ್ಲಿಮ್ ಬಹುಸಂಖ್ಯಾತ ನಾಡುಗಳಲ್ಲ. ಆಳುವ ಮತ ಮತ್ತು ಬಾಳುವ ಮತಗಳ ನಡುವಿನ ಈ ಅಂತರದಲ್ಲಿ ಜಾತ್ರೆ, ಉರುಸು, ಸಂತೆ, ಹಾಡುಗಳ ಲೋಕ ರೂಪುಗೊಂಡಿತು. ವಿಜಾಪುರದ ಸೂಫಿಗಳ ಬೀಸುವ ಪದಗಳು ಹೆಣ್ಣುಮಕ್ಕಳ ಬಾಯಲ್ಲಿ ಹರಡಿದ ಬಗೆಯನ್ನು ರಿಚರ್ಡ್ ಈಟನ್ ೧೯೭೮ರಲ್ಲಿಯೇ ವಿವೇಚಿಸಿದ್ದಾರೆ. ಆ ಪದಗಳನ್ನು ಕನ್ನಡದ ಬೀಸುವ ಪದಗಳೊಡನೆ ಇಟ್ಟು ಓದುವ ಕೆಲಸ ಕನ್ನಡ ಜಾನಪದಕ್ಕೆ ಸೇರಿದ್ದು.

ಪ್ರವಾಸಕಥನವನ್ನು ಬಳಸುವಾಗ ಎಚ್ಚರವೂ ಬೇಕು. ಆಳಂದದ ದರ್ಗಾ ಆವರಣದಲ್ಲಿರುವ ರಾಘವ ಚೈತನ್ಯ ಶಿವಲಿಂಗದ ಪೂಜೆಯ ವಿಷಯದಲ್ಲಿ ೨೦೨೨ರಲ್ಲಿ ಉದ್ವಿಗ್ನತೆ ಉಂಟಾಗಿ, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಇಂಥ ಸಂದರ್ಭದಲ್ಲಿ ಹಳೆಯ ಪ್ರವಾಸಿಯನ್ನು ಒಂದು ಪಕ್ಷದ ಸಾಕ್ಷಿಯಾಗಿ ಕರೆತರುವ ಆಸೆ ಸಹಜ. ನಿಕಿತಿನ್ ಅಲ್ಲಿ ಶೇಖ್ ಒಬ್ಬರ ಹೆಸರಿನ ಸಂತೆಯನ್ನೂ ಕುದುರೆಗಳನ್ನೂ ದಾಖಲಿಸಿದ್ದಾನೆ. ಸ್ಥಳ ಯಾರದೆಂಬ ಪ್ರಶ್ನೆಯನ್ನು ಅವನು ಎತ್ತಿಲ್ಲ. ಅವನ ಬರಹದಿಂದ ಒಡೆತನವನ್ನು ಹೆಕ್ಕುವುದು ಎಷ್ಟು ತಪ್ಪೋ, ಇಂದಿನ ಅರ್ಥದ ಸೌಹಾರ್ದವನ್ನು ಹೆಕ್ಕುವುದೂ ಅಷ್ಟೇ ತಪ್ಪು. ಹಿಂದೂ, ಮುಸ್ಲಿಮ್ ಎಂಬ ಭೇದವನ್ನು ಅವನು ಬಲ್ಲವನಾಗಿದ್ದನು. ತಾನು ಮೋಸಹೋದಾಗ ಮುಸ್ಲಿಮರನ್ನು ಕಟುವಾಗಿ ಬೈದೂ ಇದ್ದಾನೆ. ಆದರೆ ಗೂಗಿಯ ಶಕುನವನ್ನೂ ಮಂಗಗಳ ಅರಸನ ಕಥೆಯನ್ನೂ ಬರೆಯುವಾಗ ಅವು ಯಾವ ಮತದವರವೆಂದು ಗುರುತಿಸಲು ಹೋಗಲಿಲ್ಲ. ಕಥೆ ಯಾವ ಮತದ್ದೆಂದು ಕೇಳುವುದಕ್ಕಿಂತ ಯಾವ ಸೀಮೆಯದು, ಯಾರ ಕಸುಬಿನದು, ಯಾರಿಗಾಗಿ ಹೇಳಿದ್ದು ಎಂದು ಕೇಳುವ ಅಧ್ಯಯನಕ್ರಮಕ್ಕೆ ಈ ಪಠ್ಯವು ಮೊದಲ ಪಾಠವಾಗಬಲ್ಲದು.