ಉಳಿವಿನ ಬೆಲೆ: ನಾಯಿಯೇ ನಾಯಕನಾದ ಒಂದು ಕಾದಂಬರಿಯೂ ಗದುಗು–ಪುಲಿಗೆರೆಯ ಪರಂಪರೆಯೂ

೧

ಕನ್ನಡದ ಎರಡು ಮಹಾಭಾರತಗಳಿಗೆ ಗದುಗಿನ ಸೀಮೆಯೊಡನೆ ನಿಕಟವಾದ ಸಂಬಂಧವುಂಟು. ಪಂಪನು ಕ್ರಿ. ಶ. ೯೪೧ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳ್ಗನ್ನಡದಲ್ಲಿ ರಚಿಸಿದನು. ಕುಮಾರವ್ಯಾಸನು ಗದುಗಿನ ವೀರನಾರಾಯಣನ ಅಂಕಿತದಲ್ಲಿ ತನ್ನ ಭಾರತವನ್ನು ಹಾಡಿದನು. ಪಂಪನ ಕಾವ್ಯವು ಅರ್ಜುನನ ಪಟ್ಟಾಭಿಷೇಕದಲ್ಲಿ ಮುಗಿಯುತ್ತದೆ. ಕುಮಾರವ್ಯಾಸನದು ಹತ್ತನೆಯದಾದ ಗದಾಪರ್ವಕ್ಕೆ ನಿಲ್ಲುತ್ತದೆ. ಆದಕಾರಣ ವ್ಯಾಸಭಾರತದ ಹದಿನೇಳನೆಯ ಪರ್ವದಲ್ಲಿ ಪಾಂಡವರ ಬೆನ್ನುಹತ್ತಿ ಹಿಮಾಲಯದತ್ತ ನಡೆದ ನಾಯಿಗೆ ಈ ಎರಡು ಮಹಾಕಾವ್ಯಗಳಲ್ಲಿಯೂ ಎಡೆಯಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿಯು ಶಾಂತಿಪರ್ವದಿಂದ ಮುಂದಿನ ಕಥೆಯನ್ನು ಪೂರೈಸಿದನಾದರೂ, ಗಮಕಿಗಳ ಕಂಠದಲ್ಲಿಯೂ ಜನರ ನೆನಪಿನಲ್ಲಿಯೂ ನಿಂತುದು ಗದುಗಿನ ಭಾರತವೇ.

ಕಥೆಯು ಗೆಲವಿನಲ್ಲಿ ಮುಗಿದರೆ ನಾಯಿಯು ಬೇಕಾಗುವುದಿಲ್ಲ. ಗೆದ್ದವರು ಗೆದ್ದುದನ್ನೆಲ್ಲ ಕಳೆದುಕೊಂಡು ನಡೆಯತೊಡಗಿದಾಗ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಹಾನಿ, ಸೈರಣೆ, ಉಳಿವು ಎಂಬ ಮೂರು ವಿಷಯಗಳು ನಾಯಿಯ ಕಥೆಯಲ್ಲಿ ಒಂದಕ್ಕೊಂದು ಹೇಗೆ ಹೊಂದಿಕೊಳ್ಳುತ್ತವೆ, ಅಥವಾ ಹೊಂದಿಕೊಳ್ಳದೆ ಹೋಗುತ್ತವೆ, ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ವಿಚಾರಕ್ಕೆ ಆಧಾರವಾಗಿ ಅಮೆರಿಕೆಯ ಜ್ಯಾಕ್ ಲಂಡನ್ ೧೯೦೩ರಲ್ಲಿ ಪ್ರಕಟಿಸಿದ ‘ದಿ ಕಾಲ್ ಆಫ್ ದಿ ವೈಲ್ಡ್’, ಎಂದರೆ ‘ಕಾಡಿನ ಕರೆ’, ಎಂಬ ಏಳು ಅಧ್ಯಾಯಗಳ ಕಾದಂಬರಿಯನ್ನೂ, ಹೋಲಿಕೆಗಾಗಿ ಕನ್ನಡದ ಒಂದು ಶಾಸನವನ್ನೂ ಒಂದು ಕಾದಂಬರಿಯನ್ನೂ ತೆಗೆದುಕೊಳ್ಳಲಾಗಿದೆ.

೨

ಕಾದಂಬರಿಯ ನಾಯಕನಾದ ಬಕ್ ಎಂಬುದು ಕ್ಯಾಲಿಫೋರ್ನಿಯದ ಸ್ಯಾಂಟಾ ಕ್ಲಾರಾ ಕಣಿವೆಯಲ್ಲಿ ನ್ಯಾಯಾಧೀಶ ಮಿಲ್ಲರನ ಮನೆಯಲ್ಲಿ ಬೆಳೆದ ನೂರನಾಲ್ವತ್ತು ಪೌಂಡು ತೂಕದ ದೊಡ್ಡ ನಾಯಿ. ೧೮೯೬ರಲ್ಲಿ ಉತ್ತರದ ಕ್ಲಾಂಡೈಕ್ ಪ್ರಾಂತದಲ್ಲಿ ಚಿನ್ನ ದೊರೆಯಿತು. ಹಿಮದ ಮೇಲೆ ಜಾರುಬಂಡಿಗಳನ್ನೆಳೆಯಲು ಬಲವಾದ ನಾಯಿಗಳು ಬೇಕಾದುವು. ತೋಟದಾಳು ಮ್ಯಾನ್ಯುಯೆಲ್ ತನ್ನ ಜೂಜಿನ ಚಟಕ್ಕಾಗಿ ಬಕ್ಕನ್ನು ಗುಟ್ಟಾಗಿ ಮಾರಿಬಿಟ್ಟನು. ಬಕ್ಕಿನ ಮೊದಲ ಹಾನಿಗೆ ಕಾರಣವಾದುದು ದೈವವಲ್ಲ, ಮಾರುಕಟ್ಟೆ. ದೂರದಲ್ಲಿ ಚಿನ್ನ ದೊರೆಯಿತು. ಹತ್ತಿರದಲ್ಲಿ ಒಬ್ಬನಿಗೆ ಹಣದ ಅಡಚಣೆಯಿತ್ತು. ಇವೆರಡರ ನಡುವೆ ಒಂದು ಪ್ರಾಣಿಯ ಬಾಳು ಕೈಬದಲಾಯಿಸಿತು. ೧೮೯೭–೯೮ರಲ್ಲಿ ತಾನೇ ಕ್ಲಾಂಡೈಕಿಗೆ ಹೋಗಿ ಬಂದಿದ್ದ ಗ್ರಂಥಕರ್ತನು ಈ ಕಾರ್ಯಕಾರಣವನ್ನು ಮರುಕದ ಮಾತುಗಳಿಲ್ಲದೆ, ಲೆಕ್ಕ ಒಪ್ಪಿಸುವಂತೆ ಹೇಳಿದ್ದಾನೆ.

ಅಲ್ಲಿಂದ ಮುಂದೆ ಹಾನಿಗಳು ಸಾಲುಗಟ್ಟಿ ಬರುತ್ತವೆ. ಕೆಂಪಂಗಿಯವನ ದೊಣ್ಣೆಯ ಮುಂದೆ ಬಕ್ಕಿನ ಗರ್ವವು ಮುರಿಯುತ್ತದೆ. ಡೈಯಾ ತೀರದಲ್ಲಿ, ಸ್ನೇಹದಿಂದ ಮುಂದೆ ಹೋದ ಕರ್ಲಿ ಎಂಬ ಜೊತೆಗಾತಿಯನ್ನು ಉಳಿದ ನಾಯಿಗಳು ಕ್ಷಣಾರ್ಧದಲ್ಲಿ ಹರಿದುಹಾಕುತ್ತವೆ. ಪೆರೊ, ಫ್ರಾನ್ಸ್ವಾ ಎಂಬ ಅಂಚೆಯ ಸವಾರರು ನ್ಯಾಯವಂತರಾದ ಒಡೆಯರು; ಅವರೂ ಸರಕಾರದ ಅಪ್ಪಣೆ ಬಂದೊಡನೆ ಅಗಲಿಹೋಗುತ್ತಾರೆ. ಕೊನೆಯದಾಗಿ, ಬಕ್ ಪ್ರೀತಿಸಿದ ಒಬ್ಬನೇ ಮನುಷ್ಯನಾದ ಜಾನ್ ಥಾರ್ನ್‌ಟನ್ ಕೊಲೆಯಾಗುತ್ತಾನೆ. ಮೊದಲಿನ ಹಾನಿಗಳಲ್ಲಿ ಬಕ್ ತನಗಿದ್ದುದನ್ನು ಕಳೆದುಕೊಂಡಿತು. ಕೊನೆಯದರಲ್ಲಿ, ತಾನು ಮನುಷ್ಯರ ನಡುವೆ ಇರಬೇಕಾದ ಕಾರಣವನ್ನೇ ಕಳೆದುಕೊಂಡಿತು. ಈ ಭೇದವನ್ನು ಗುರುತಿಸದಿದ್ದರೆ ಏಳನೆಯ ಅಧ್ಯಾಯವು ಕೇವಲ ಸಾಹಸದ ಕಥೆಯಾಗಿ ತೋರುವುದು.

೩

ಈ ಕಾದಂಬರಿಯನ್ನು ಪಾಠಹೇಳುವವರು ಸಾಮಾನ್ಯವಾಗಿ ಅದರಿಂದ ಸೈರಣೆಯ ನೀತಿಯನ್ನು ಹಿಂಡುತ್ತಾರೆ: ಎಡೆಬಿಡದೆ ದುಡಿದವನು ಬದುಕಿ ಉಳಿಯುತ್ತಾನೆ ಎಂದು. ಗ್ರಂಥವನ್ನು ಗಮನವಿಟ್ಟು ಓದಿದರೆ ಈ ನೀತಿಯು ನಿಲ್ಲುವುದಿಲ್ಲ.

ಸೈರಣೆಯ ಪರಮಾವಧಿಯನ್ನು ತೋರಿಸುವ ಪಾತ್ರವು ಬಕ್ ಅಲ್ಲ, ಡೇವ್. ಒಳಗೆ ಬೇನೆ ಹತ್ತಿ ಸಾಯಲಾದ ಈ ನಾಯಿಯನ್ನು ಮರುಕದಿಂದ ಮಿಣಿ ಬಿಚ್ಚಿ ಬಿಟ್ಟರೆ, ಅದು ತನ್ನ ಸ್ಥಾನದಲ್ಲಿ ಬೇರೆ ನಾಯಿ ಎಳೆಯುವುದನ್ನು ಸಹಿಸಲಾರದೆ ಮತ್ತೆ ಬಂಡಿಯ ಮುಂದೆ ಬಂದು ನಿಲ್ಲುತ್ತದೆ. ಕಡೆಗೆ ಅದನ್ನು ಹೂಡಲೇಬೇಕಾಗುತ್ತದೆ. ಮರುದಿನ ಅದಕ್ಕೆ ಏಳಲಾಗದು. ಗುಂಡಿನ ಸಪ್ಪಳವೊಂದೇ ಅದರ ಮುಕ್ತಾಯ. ಡೇವಿನ ನಿಷ್ಠೆ ದೊಡ್ಡದು, ಆದರೆ ಆ ನಿಷ್ಠೆಗೆ ಕೆಲಸದ ಹೊರತು ಬೇರೆ ಗುರಿಯಿಲ್ಲ. ಅದು ಉಳಿವಿನ ಮಾರ್ಗವಲ್ಲ.

ಎರಡನೆಯ ನಿದರ್ಶನವು ಇನ್ನೂ ಸ್ಪಷ್ಟವಾದುದು. ಹಾಲ್, ಚಾರ್ಲ್ಸ್, ಮರ್ಸಿಡಿಸ್ ಎಂಬ ಅನುಭವಹೀನರ ಕೈಗೆ ನಾಯಿಗಳು ಸಿಕ್ಕುತ್ತವೆ. ಹದಿನಾಲ್ಕು ನಾಯಿಗಳ ಆಹಾರವನ್ನು ಒಂದು ಬಂಡಿಯು ಹೊರಲಾರದು. ಆದಕಾರಣವೇ ಆ ನಾಡಿನಲ್ಲಿ ಒಂದು ಬಂಡಿಗೆ ಅಷ್ಟನ್ನು ಹೂಡುವ ರೂಢಿಯಿಲ್ಲ. ಈ ಮೂವರು ಸೀಸಕಡ್ಡಿಯಿಂದ ಲೆಕ್ಕಹಾಕಿ ಹದಿನಾಲ್ಕನ್ನು ಹೂಡಿದರು. ಹಸಿವಿನಿಂದ ನಾಯಿಗಳು ಒಂದೊಂದಾಗಿ ಸತ್ತುವು. ಉಳಿದವು ವ್ಹೈಟ್ ನದಿಯ ಬಳಿ ಥಾರ್ನ್‌ಟನ್ನನ ಬಿಡಾರಕ್ಕೆ ಬಂದಾಗ ವಸಂತವು ಮೊದಲಾಗಿ ಮಂಜುಗಡ್ಡೆಯು ತೆಳ್ಳಗಾಗಿದ್ದಿತು. ಚಾಟಿಯ ಹೊಡೆತಕ್ಕೆ ಉಳಿದ ನಾಯಿಗಳು ಎದ್ದುವು, ಬಕ್ ಏಳಲಿಲ್ಲ. ಹೊಡೆತ ಬಿದ್ದಷ್ಟೂ ಅದು ಅಲುಗದೆ ಮಲಗಿತು. ಥಾರ್ನ್‌ಟನ್ ಅಡ್ಡಬಂದು ಅದನ್ನು ಬಿಡಿಸಿಕೊಂಡನು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಂಜು ಕುಸಿದು, ಬಂಡಿಯೂ ಮನುಷ್ಯರೂ ಎದ್ದು ನಡೆದ ನಾಯಿಗಳೆಲ್ಲವೂ ನೀರಿನ ಪಾಲಾದುವು.

ಕಥೆಯ ನಡುಗಂಬವು ಇದೇ ಸನ್ನಿವೇಶ. ಆಜ್ಞೆಯಂತೆ ಸೈರಿಸಿದವು ಮುಳುಗಿದುವು; ಸೈರಿಸಲು ನಿರಾಕರಿಸಿದುದು ಉಳಿಯಿತು. ಆದರೆ ಆ ನಿರಾಕರಣೆಯು ಸೋಮಾರಿತನವಲ್ಲ. ಸಾವಿರಾರು ಮೈಲಿ ಎಳೆದ ನಾಯಿಯು ಕಾಲಡಿಯ ಮಂಜಿನ ಅಪಾಯವನ್ನು ಮೈಯಿಂದಲೇ ಅರಿತು ಮಾಡಿದ ನಿರ್ಣಯವದು. ಇದೇ ಬಕ್ ಮುಂದೆ ಥಾರ್ನ್‌ಟನ್ನನ ಪ್ರೀತಿಗಾಗಿ, ಹೆಪ್ಪುಗಟ್ಟಿ ನೆಲಕ್ಕಂಟಿದ ಸಾವಿರ ಪೌಂಡಿನ ಬಂಡಿಯನ್ನು ನೂರು ಗಜ ಎಳೆದು ಅವನಿಗೆ ಹದಿನಾರುನೂರು ಡಾಲರಿನ ಪಂಥವನ್ನು ಗೆದ್ದುಕೊಡುತ್ತದೆ. ಎಳೆಯುವ ಬಲವೂ ಎಳೆಯದಿರುವ ಬಲವೂ ಒಂದೇ ಪ್ರಾಣಿಯಲ್ಲಿವೆ. ಯಾರಿಗಾಗಿ, ಎಲ್ಲಿಯವರೆಗೆ ಎಂಬ ವಿವೇಕವೇ ಸೈರಣೆಗೆ ಬೆಲೆ ತರುತ್ತದೆ. ವಿದ್ಯಾರ್ಥಿಗಳಿಗೆ ವಿಧೇಯತೆಯನ್ನೇ ಸೈರಣೆಯೆಂದು ಕಲಿಸುವುದಕ್ಕೆ ಈ ಗ್ರಂಥವನ್ನು ಸಾಧನವಾಗಿಸಿಕೊಂಡರೆ ಅದರ ತಿರುಳಿಗೇ ಅನ್ಯಾಯವಾಗುವುದು.

೪

ಕನ್ನಡ ನಾಡಿನಲ್ಲಿ ನಾಯಿಯ ನಿಷ್ಠೆಗೆ ದೊರೆತ ಪ್ರಾಚೀನ ಮನ್ನಣೆಗಳಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಪ್ರಸಿದ್ಧವಾದುದು. ಅದು ಶಕವರ್ಷ ೮೭೨ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನು ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಕಾಳಿಯೆಂಬ ಬೇಟೆಯ ನಾಯಿಯನ್ನು ಬೇಡಿ ಪಡೆದನು. ಕೆಲಲೆ ನಾಡಿನಲ್ಲಿ ಅದನ್ನು ಒಂದು ಹಂದಿಯ ಮೇಲೆ ಬಿಡಲಾಗಿ, ಎರಡೂ ಹೋರಾಡಿ ಸತ್ತುವು. ಮಣಲೇರನು ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟನು. ಆ ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವನು ಉಣ್ಣಬಾರದೆಂದು ಕಟ್ಟಳೆಯಾಯಿತು. ನಾಯಿ–ಹಂದಿಗಳ ಕಾಳಗವನ್ನು ಕಂಡರಿಸಿದ ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಇಲ್ಲಿ ನಾಯಿಗೆ ಉಳಿವಿಲ್ಲ, ಹೆಸರಿಗೆ ಉಳಿವುಂಟು. ವೀರಗಲ್ಲಿನ ಧರ್ಮವೇ ಅದು: ಒಡೆಯನಿಗಾಗಿ ಸತ್ತವನಿಗೆ ಒಡೆಯನು ಕಲ್ಲು ನಿಲ್ಲಿಸುವನು.

ಮಹಾಪ್ರಸ್ಥಾನದ ನಾಯಿಯ ವಿಷಯ ಬೇರೆ. ವ್ಯಾಸಭಾರತದ ಆರಂಭದಲ್ಲಿಯೇ ಸರಮೆಯ ಮರಿಯು ತಪ್ಪಿಲ್ಲದೆ ಜನಮೇಜಯನ ತಮ್ಮಂದಿರಿಂದ ಪೆಟ್ಟು ತಿನ್ನುತ್ತದೆ. ಕೊನೆಯಲ್ಲಿ ಇನ್ನೊಂದು ನಾಯಿಯನ್ನು ಬಿಡಲೊಲ್ಲದೆ ಯುಧಿಷ್ಠಿರನು ಇಂದ್ರನ ರಥವನ್ನೇ ಒಲ್ಲೆನೆನ್ನುತ್ತಾನೆ. ದ್ರೌಪದಿಯೂ ನಾಲ್ವರು ತಮ್ಮಂದಿರೂ ಬಿದ್ದ ದಾರಿಯಲ್ಲಿ ನಾಯಿಯು ಬೀಳಲಿಲ್ಲ. ಮಾನವನು ನಾಯಿಗಾಗಿ ತ್ಯಾಗಮಾಡಲು ಸಿದ್ಧನಾದುದು ಇಲ್ಲಿಯ ಹಿರಿಮೆ. ಆದರೆ ಮರುಕ್ಷಣದಲ್ಲಿ ಆ ನಾಯಿಯು ಧರ್ಮದೇವತೆಯಾಗಿ ರೂಪು ಬದಲಿಸುತ್ತದೆ. ಪರೀಕ್ಷೆಯು ಮುಗಿದೊಡನೆ ನಾಯಿಯೆಂಬ ಪ್ರಾಣಿಯು ಕಥೆಯಿಂದ ಮಾಯವಾಗುತ್ತದೆ. ಲಂಡನ್ನನ ಸಾಧನೆಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಅವನ ನಾಯಿಯು ಮಾತನಾಡುವುದಿಲ್ಲ, ದೇವತೆಯಾಗುವುದಿಲ್ಲ, ಮನುಷ್ಯನ ಗುಣಕ್ಕೆ ಒರೆಗಲ್ಲಾಗುವುದಕ್ಕಾಗಿಯೇ ಹುಟ್ಟಿದುದೂ ಅಲ್ಲ.

ಕನ್ನಡ ಕಾದಂಬರಿಯಲ್ಲಿ ಇದಕ್ಕೆ ಸರಿದೂಗುವ ಪಾತ್ರವು ೧೯೬೭ರಲ್ಲಿ ಪ್ರಕಟವಾದ ಕುವೆಂಪುರವರ ‘ಮಲೆಗಳಲ್ಲಿ ಮದುಮಗಳು’ವಿನ ಹುಲಿಯ. ಸಿಂಬಾವಿಯ ಹೆಗ್ಗಡೆಯವರ ಆಳಾದ ಗುತ್ತಿಯನ್ನು ಅದು ನೆರಳಿನಂತೆ ಹಿಂಬಾಲಿಸುವುದರಿಂದ ಅವನಿಗೆ ನಾಯಿಗುತ್ತಿಯೆಂದೇ ಹೆಸರು. ಜಾತಿಯಿಂದಲೂ ಜೀತದಿಂದಲೂ ಕೆಳಗೊತ್ತಲ್ಪಟ್ಟ ಗುತ್ತಿಗೆ ಲೋಕದಲ್ಲಿ ತನ್ನದೆನ್ನಲು ಇರುವುದು ಈ ನಾಯಿಯೂ ತಾನು ಕರೆತಂದ ತಿಮ್ಮಿಯೂ ಮಾತ್ರ. ಕಾದಂಬರಿಯ ಕೊನೆಯಲ್ಲಿ ನೆರೆಬಂದ ತುಂಗೆಯನ್ನು ದಾಟುವ ಹೊತ್ತಿನಲ್ಲಿ, ಒಡೆಯನನ್ನು ಬಿಟ್ಟಿರಲಾರದ ಹುಲಿಯ ಪ್ರವಾಹಕ್ಕೆ ಬಲಿಯಾಗುತ್ತದೆ. ಬಕ್ ನೀರಿಗಿಳಿಯದೆ ಉಳಿಯಿತು. ಹುಲಿಯ ನೀರಿಗಿಳಿದು ಅಳಿಯಿತು. ಬಕ್ಕಿನ ಮುಂದಿದ್ದವನು ಚಾಟಿ ಹಿಡಿದ ಹಾಲ್. ಹುಲಿಯನ ಮುಂದಿದ್ದವನು ಗುತ್ತಿ. ಪ್ರೀತಿಯಿದ್ದಲ್ಲಿ ನಿರಾಕರಣೆಯು ಸಾಧ್ಯವಿಲ್ಲವೆಂಬುದನ್ನು ಕುವೆಂಪುರವರು ಕಟುವಾಗಿ ಕಾಣಿಸಿದ್ದಾರೆ. ಕಾಳಿಗೆ ದೊರೆತ ಕಲ್ಲು ಹುಲಿಯನಿಗೆ ದೊರೆಯಲಾರದು. ಕಲ್ಲು ನಿಲ್ಲಿಸಲು ಗುತ್ತಿಗೆ ಭೂಮಿಯಾಗಲಿ ಅಧಿಕಾರವಾಗಲಿ ಇಲ್ಲ. ಅಲ್ಪರೆಂದು ಎಣಿಸಲ್ಪಟ್ಟವರ ನಷ್ಟಕ್ಕೆ ಕಾದಂಬರಿಯೇ ಸಾಕ್ಷಿಯಾಗಬೇಕಾಯಿತು.

೫

ಲಂಡನ್ನನ ಕೃತಿಯಲ್ಲಿ ದೋಷಗಳಿಲ್ಲವೆನ್ನಲಾಗದು. ಥಾರ್ನ್‌ಟನ್ನನನ್ನು ಕೊಂದ ಯೀಹ್ಯಾಟರೆಂಬ ಮೂಲನಿವಾಸಿಗಳಿಗೆ ಅವನು ಮುಖವನ್ನೂ ಕೊಟ್ಟಿಲ್ಲ, ಮನಸ್ಸನ್ನೂ ಕೊಟ್ಟಿಲ್ಲ. ಕಥೆಯ ತಿರುವಿಗೆ ಬೇಕಾದ ಉಪಕರಣಗಳಾಗಿ ಅವರು ಬಂದುಹೋಗುತ್ತಾರೆ. ನಾಯಿಯ ಒಳಗನ್ನು ಅಷ್ಟು ತಾಳ್ಮೆಯಿಂದ ನೋಡಿದ ಕಣ್ಣು ಮನುಷ್ಯರ ಒಂದು ಕುಲವನ್ನು ಹೀಗೆ ದಾಟಿಹೋದುದು ಕೃತಿಯ ಕಲೆ. ಪೂರ್ವಜರ ಅನುಭವವು ನೆನಪಾಗಿಯೇ ರಕ್ತದಲ್ಲಿ ಹರಿದುಬರುತ್ತದೆಂಬ ಅವನ ಕಲ್ಪನೆಯನ್ನೂ ಇಂದಿನ ಜೀವಶಾಸ್ತ್ರವು ಒಪ್ಪುವುದಿಲ್ಲ. ಅದನ್ನು ರೂಪಕವೆಂದು ಗ್ರಹಿಸಿದರೆ ಮಾತ್ರ ಸೊಗಸು.

ತೋಳಗಳ ಹಿಂಡನ್ನು ಸೇರುವ ಮುಕ್ತಾಯವನ್ನು ಗದುಗಿನ ಸೀಮೆಯ ಓದುಗನು ಬೇರೊಂದು ಅರಿವಿನಿಂದ ನೋಡಬಲ್ಲನು. ಗದಗ, ಶಿರಹಟ್ಟಿ, ಮುಂಡರಗಿಗಳ ನಡುವೆ ಹಬ್ಬಿ, ೨೦೧೯ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡದಲ್ಲಿ ತೋಳಗಳು ವಾಸಿಸುತ್ತವೆ. ಅದರ ಸುತ್ತಣ ಎರೆಹೊಲಗಳಲ್ಲಿ ಕುರಿಗಳನ್ನು ತರುಬುವ ಕುರುಬರಿಗೆ ರಾತ್ರಿಯ ಕಾವಲು ನಾಯಿಯೇ. ಅಲ್ಲಿ ತೋಳವೂ ನಾಯಿಯೂ ಒಂದೇ ಕುರಿಯ ಆಚೆ ಈಚೆ ನಿಂತ ದಾಯಾದಿಗಳು. ಮತ್ತೊಂದೆಡೆ, ತುಂಗಭದ್ರೆಯ ತಡಿಯ ಮೈಲಾರದಲ್ಲಿ ಗೊರವರು ದೋಣಿಯೆಂಬ ಪಾತ್ರೆಯಲ್ಲಿಟ್ಟ ನೈವೇದ್ಯವನ್ನು ನಾಯಿಯಂತೆ ಬೊಗಳುತ್ತ, ನೆಲಕ್ಕೆ ಬಾಗಿ ಬಾಯಿಂದಲೇ ಸ್ವೀಕರಿಸುತ್ತಾರೆ. ದೇವರ ನಾಯಿಯಾಗುವುದನ್ನೇ ಧನ್ಯತೆಯೆಂದು ಎಣಿಸುತ್ತಾರೆ. ಒಡೆಯನನ್ನು ಕಳೆದುಕೊಂಡ ನಾಯಿಯು ಬಿಡುಗಡೆ ಹೊಂದಿತೆಂಬ ಲಂಡನ್ನನ ಮಾತು ಇಂತಹ ಜನಕ್ಕೆ ಸುಲಭವಾಗಿ ಒಪ್ಪಿಗೆಯಾಗದು. ಬಿಡುಗಡೆಯೊಳಗಿನ ಅನಾಥತೆಯನ್ನು ಅವರು ಮೊದಲು ಕಾಣುವರು.

ಹಾಗೆ ಕಾಣುವುದು ಗ್ರಂಥಕ್ಕೆ ವಿರುದ್ಧವೂ ಅಲ್ಲ. ಥಾರ್ನ್‌ಟನ್ನನ ಸಾವಿನಿಂದ ಬಕ್ಕಿನಲ್ಲಿ ಉಂಟಾದ ಬರಿದು ಹಸಿವಿನಂತಹುದೆಂದೂ, ಆದರೆ ಆಹಾರದಿಂದ ತುಂಬಲಾರದುದೆಂದೂ ಗ್ರಂಥಕರ್ತನು ಸೂಚಿಸಿದ್ದಾನೆ. ತೋಳಗಳ ಮುಂದಾಳಾದ ಮೇಲೆಯೂ ಅದು ವರ್ಷಕ್ಕೊಮ್ಮೆ ಆ ಕಣಿವೆಗೆ ಒಂಟಿಯಾಗಿ ಬರುತ್ತದೆ. ಅಲ್ಲಿ ತೊಗಲಚೀಲಗಳು ಕೊಳೆತು ಚಿನ್ನವು ಮಣ್ಣಿನಲ್ಲಿ ಚೆಲ್ಲಿದೆ, ಹುಲ್ಲು ಬೆಳೆದಿದೆ. ಬಕ್ ಸ್ವಲ್ಪ ಹೊತ್ತು ನಿಂತು, ಒಮ್ಮೆ ದೀರ್ಘವಾಗಿ ಊಳಿಟ್ಟು ಹೊರಟುಹೋಗುತ್ತದೆ. ಯಾವ ಚಿನ್ನಕ್ಕಾಗಿ ಅದನ್ನು ಮಾರಲಾಯಿತೋ ಆ ಚಿನ್ನವನ್ನು ಕೇಳುವವರಿಲ್ಲ. ಯಾರನ್ನು ಅದು ಪ್ರೀತಿಸಿತೋ ಅವನ ನೆನಪು ಮಾತ್ರ ವರ್ಷ ವರ್ಷವೂ ಅದನ್ನು ಅಲ್ಲಿಗೆ ಎಳೆಯುತ್ತದೆ.

ಆದುದರಿಂದ ಈ ಕಾದಂಬರಿಯನ್ನು ಬಲಿಷ್ಠನ ಜಯಘೋಷವೆಂದು ಓದುವುದಕ್ಕಿಂತ, ಉಳಿದವನು ಹೊರಬೇಕಾದ ಭಾರದ ಕಥೆಯೆಂದು ಓದುವುದು ಹೆಚ್ಚು ಸಮಂಜಸ. ಉಳಿವಿಗೆ ಬಲವೂ ಬೇಕು, ಒಗ್ಗಿಕೊಳ್ಳುವ ಜಾಣ್ಮೆಯೂ ಬೇಕು, ಸಮಯವರಿತು ಒಲ್ಲೆನೆನ್ನುವ ಧೈರ್ಯವೂ ಬೇಕು. ಇವೆಲ್ಲ ಇದ್ದೂ ಅಳಿದವರನ್ನು ಮರೆಯುವ ಹಕ್ಕು ಉಳಿದವನಿಗೆ ದೊರೆಯುವುದಿಲ್ಲ. ಪಂಪ, ಕುಮಾರವ್ಯಾಸರ ಕಾವ್ಯಗಳು ನಿಂತಲ್ಲಿಂದ ಮುಂದಿನ ದಾರಿಯಲ್ಲಿ ಯುಧಿಷ್ಠಿರನ ಹಿಂದೆ ಬಂದ ನಾಯಿಯ ಕಥೆಯನ್ನು, ಆತಕೂರಿನ ಕಲ್ಲನ್ನು, ತುಂಗೆಯ ಪಾಲಾದ ಹುಲಿಯನನ್ನು ಬಕ್ಕಿನ ಜೊತೆಗಿಟ್ಟು ಪಾಠಹೇಳಿದರೆ, ಪರದೇಶದ ಈ ಕೃತಿಯು ವಿದ್ಯಾರ್ಥಿಗಳಿಗೆ ಚೆನ್ನಾಗಿ ತಿಳಿಯುವುದಲ್ಲದೆ, ತಮ್ಮ ಸಾಹಿತ್ಯದಲ್ಲಿ ಮೂಕಪ್ರಾಣಿಗೆ ದೊರೆತ ಸ್ಥಾನವೆಷ್ಟು, ದೊರೆಯದುದೆಷ್ಟು ಎಂಬುದೂ ಅವರ ವಿಚಾರಕ್ಕೆ ಬರುವುದು.