ಮಲೆಯೂರಿನವರು ಬರೀ ಮಾಹಿತಿ ಕೊಟ್ಟವರೇ?

ಇಂಗ್ಲಿಷರು ಬಂದು ಕಣ್ಣು ತೆರೆಸಿದ ಮೇಲೆಯೇ ನಮಗೂ ಒಂದು ಚರಿತ್ರೆ ಇದೆಯೆಂದು ಗೊತ್ತಾದದ್ದು ಎನ್ನುವುದು ಹಳೇ ತಲೆಮಾರಿನ ಮೇಷ್ಟರ ಮಾತು. ಬಂದವರು ಬೇಕೆಂದೇ ನಮ್ಮ ಚರಿತ್ರೆಯನ್ನು ತಿರುಚಿದರು ಎನ್ನುವುದು ವಾಟ್ಸ್ಆ್ಯಪ್‌ನಲ್ಲಿ ದಿನಬೆಳಗಾದರೆ ಬಂದು ಬೀಳುವ ಮಾತು. ವಿಶ್ವವಿದ್ಯಾಲಯಗಳ ಸೆಮಿನಾರಿನಲ್ಲಿ ಇನ್ನೊಂದು ಮಾತಿದೆ: ವಸಾಹತುಶಾಹಿ ತನ್ನ ಆಳ್ವಿಕೆಗೆ ಒಗ್ಗುವ ಭಾರತವನ್ನು ತಾನೇ ಕಟ್ಟಿಕೊಂಡಿತು, ಇಲ್ಲಿನವರು ಸಾಮಗ್ರಿ ಹೊತ್ತು ಕೊಟ್ಟರು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದ ಈ ಮೂವರೂ ಒಂದು ವಿಷಯದಲ್ಲಿ ಮಾತ್ರ ಒಂದೇ ಬಾಯಿ. ಬರೆದವರು ಅವರು, ಸುಮ್ಮನೆ ಕೂತವರು ನಾವು. ಭಾರತೀಯ ನಾಗರಿಕತೆಗೂ ಹೊರಜಗತ್ತಿಗೂ ಇದ್ದ ನಂಟಿನ ಬಗ್ಗೆ ನಾವು ಆಡುವ ಮಾತೆಲ್ಲ ಈ ತಳಪಾಯದ ಮೇಲೆಯೇ ನಿಂತಿದೆ. ಅದು ಎಷ್ಟು ಪೊಳ್ಳು ಎಂದು ತಿಳಿಯಲು ಚಾಮರಾಜನಗರ ತಾಲ್ಲೂಕಿನ ಒಂದು ಊರಿನ ಕಡೆ ನೋಡಿದರೆ ಸಾಕು.

ಆ ಊರು ಮಲೆಯೂರು. ಅದರ ಬೆಟ್ಟವೇ ಕನಕಗಿರಿ. ಮೇಲೆ ಪಾರ್ಶ್ವನಾಥ ಬಸದಿ, ಬಂಡೆಗಳ ಮೇಲೆ ಕೊರೆದ ಮುನಿಗಳ ಪಾದ, ಅಲ್ಲಲ್ಲಿ ಶಾಸನ. ಜೈನ ಪರಂಪರೆ ವೈಯಾಕರಣ ಪೂಜ್ಯಪಾದರ ಹೆಸರನ್ನು ಈ ಬೆಟ್ಟದೊಂದಿಗೆ ಸೇರಿಸಿ ಹೇಳುತ್ತದೆ. ಮುಖ್ಯಮಂತ್ರಿ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ಮೂಢನಂಬಿಕೆಯಿಂದಲೇ ರಾಜ್ಯಕ್ಕೆಲ್ಲ ಪರಿಚಯವಾದ, ಉಳಿದಂತೆ ‘ಗಡಿ ಜಿಲ್ಲೆ, ಹಿಂದುಳಿದ ಜಿಲ್ಲೆ’ ಎಂದು ಕೈಬಿಟ್ಟ ಸೀಮೆಯಿದು. ಇಲ್ಲಿಂದ ಇಬ್ಬರು ಜೈನರು 19ನೇ ಶತಮಾನದ ಶುರುವಿನಲ್ಲೇ ಲಂಡನ್ನಿನ ಗ್ರಂಥಭಂಡಾರಗಳವರೆಗೆ ತಮ್ಮ ಓದನ್ನು ಮುಟ್ಟಿಸಿದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಮೈಸೂರಿನ ನಕ್ಷೆ ಬೇಕಾಯಿತು. ಆ ಸರ್ವೆಯ ಹೊಣೆ ಹೊತ್ತ ಕಾಲಿನ್ ಮೆಕೆಂಜಿ ನೆಲ ಅಳೆಯುವುದರ ಜೊತೆಗೆ ಊರೂರಿನ ಕೈಫಿಯತ್ತು (ಸ್ಥಳೀಯ ಚರಿತ್ರೆಯ ಬರಹ), ಶಾಸನ, ಓಲೆಗರಿಗಳನ್ನೂ ಕೂಡಿಸಿದ. ಆದರೆ ಅವನಿಗೆ ಯಾವ ದೇಶಭಾಷೆಯೂ ಬಾರದು. ಇದನ್ನು ಅವನು ಮುಚ್ಚಿಟ್ಟವನಲ್ಲ. ತನಗೆ ಇಲ್ಲಿನ ವಿದ್ಯೆಯ ಬಾಗಿಲು ತೆರೆದವನು ಕಾವಲಿ ವೆಂಕಟ ಬೋರಯ್ಯ ಎಂದು ಬರೆದುಕೊಂಡಿದ್ದಾನೆ. ಬೋರಯ್ಯ 1803ರಲ್ಲಿ ತೀರಿಕೊಂಡ. ತಮ್ಮ ಲಕ್ಷ್ಮಯ್ಯ ಕೆಲಸ ಮುಂದುವರಿಸಿದ. ಏಲೂರಿನ ಕಡೆಯ ಈ ತೆಲುಗು ಬ್ರಾಹ್ಮಣ ಸೋದರರಿಗೂ ನಮ್ಮ ಹಳಗನ್ನಡ ಶಾಸನ ಕಬ್ಬಿಣದ ಕಡಲೆ. ಅದನ್ನು ಓದಿ ಹೇಳಲು ಸಿಕ್ಕಿದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ.

ಥಾಮಸ್ ಹಿಕಿ ಎಂಬ ಚಿತ್ರಕಾರ 1816ರಲ್ಲಿ ಮೆಕೆಂಜಿಯ ತೈಲಚಿತ್ರ ಬರೆದ. ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಡುವೆ ಕೆಂಪು ಕೋಟಿನ ಉದ್ದನೆಯ ಆಳು ಮೆಕೆಂಜಿ. ಸುತ್ತ ಮೂವರು ಭಾರತೀಯರು. ದೂರದಲ್ಲಿ ಗೊಮ್ಮಟನ ಮೂರ್ತಿ. ದೂರದರ್ಶಕ ಹಿಡಿದವನು ಕೃಷ್ಣಾಜಿ, ಇನ್ನೊಬ್ಬ ಲಕ್ಷ್ಮಯ್ಯ, ವಯಸ್ಸಾದವನು ಧರ್ಮಯ್ಯ ಎಂದು ವಿದ್ವಾಂಸರು ಗುರುತಿಸುತ್ತಾರೆ. ‘ಸಾಹೇಬ ಮತ್ತು ಅವನ ಆಳುಗಳು’ ಎಂದು ಈ ಚಿತ್ರವನ್ನು ತಳ್ಳಿಹಾಕುವುದು ಸುಲಭ. ಆದರೆ ಆ ಗೊಮ್ಮಟ ಯಾರು, ಕಾಲಡಿಯ ಬರಹ ಏನನ್ನುತ್ತದೆ ಎಂದು ಆ ಗುಂಪಿನಲ್ಲಿ ಸ್ವಂತ ಅಧಿಕಾರದಿಂದ ಹೇಳಬಲ್ಲವನು ಕೋಟು ತೊಟ್ಟವನಲ್ಲ.

ಧರ್ಮಯ್ಯನ ಕಥೆ ಇಷ್ಟಕ್ಕೆ ನಿಲ್ಲುತ್ತದೆ. ಅವನು ಓದಿದ, ಬೇರೆಯವರು ಬರೆದುಕೊಂಡರು. ನನ್ನ ವಾದಕ್ಕೆ ನಿಜವಾದ ಬಲ ಬರುವುದು ಇನ್ನೊಬ್ಬನಿಂದ.

ಕನಕಗಿರಿಯ ದೇವಚಂದ್ರ ಹುಟ್ಟಿದ್ದು 1770ರಲ್ಲಿ. 1804ರಲ್ಲಿ ಮೆಕೆಂಜಿ ಈ ಕಡೆ ಬಂದು ಸ್ಥಳದ ಚರಿತ್ರೆ ವಿಚಾರಿಸಿದಾಗ ಹೇಳಿದವನು ಇವನೇ. ಸೆಮಿನಾರಿನ ಲೆಕ್ಕದಲ್ಲಿ ಅಲ್ಲಿಗೆ ಇವನ ಪಾತ್ರ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲದ ಮೇಲೆ, ಮುಪ್ಪಿನಲ್ಲಿ, ಮೈಸೂರು ಅರಮನೆಯ ದೇವೀರಮ್ಮಣ್ಣಿಯವರಿಗಾಗಿ ಅವನು ‘ರಾಜಾವಳೀಕಥೆ’ ಬರೆದ. ಕನ್ನಡ ಗದ್ಯ. ಜೈನರ ಲೋಕವಿಚಾರದಿಂದ ಹಿಡಿದು ಭದ್ರಬಾಹು, ಚಂದ್ರಗುಪ್ತ, ವಿಜಯನಗರ, ಹೈದರ್, ಟಿಪ್ಪು, ತನ್ನ ಕಾಲದ ಒಡೆಯರವರೆಗೆ, ನಡುನಡುವೆ ಕವಿಗಳ ಕಥೆ, ಜಾತಿಗಳ ಕಥೆ. ಮೆಕೆಂಜಿಯ ಕೈಫಿಯತ್ತಿನ ನಕಲಲ್ಲ ಇದು. ಹಳೆಯ ಪುರಾಣದ ಮಾದರಿಯೂ ಅಲ್ಲ; ಪುರಾಣದ ಹಾದಿಯಲ್ಲಿ ಹೊರಟವನು ಮೊನ್ನೆ ಮೊನ್ನೆಯ ಶ್ರೀರಂಗಪಟ್ಟಣಕ್ಕೆ ಬರುವುದಿಲ್ಲ. ಪರದೇಶಿಯೊಬ್ಬ ಕೇಳಿದ ಪ್ರಶ್ನೆಯನ್ನು ಕೇಳಿಸಿಕೊಂಡು, ಅದಕ್ಕೆ ತನ್ನ ಮತ, ತನ್ನ ನಾಡು, ತನ್ನ ಓದುಗರನ್ನು ಇಟ್ಟುಕೊಂಡು ಉತ್ತರ ಕೊಟ್ಟ ಪುಸ್ತಕ ಎಂದು ನಾನು ಇದನ್ನು ಓದುತ್ತೇನೆ.

ಅದೇ 1830ರ ದಶಕದಲ್ಲಿ ಕಲ್ಕತ್ತೆಯಲ್ಲಿ ಏನಾಗುತ್ತಿತ್ತು? ಮೆಕೆಂಜಿ 1821ರಲ್ಲಿ ಸತ್ತ ಮೇಲೆ ಅವನ ಸಂಗ್ರಹವನ್ನು ಸರ್ಕಾರ 10,000 ಪೌಂಡಿಗೆ ಕೊಂಡಿತ್ತು. ಉಳಿದ ಕೆಲಸ ತಾನು ಮುಂದುವರಿಸುತ್ತೇನೆಂದು ಲಕ್ಷ್ಮಯ್ಯ ಕೇಳಿಕೊಂಡ. ಜೇಮ್ಸ್ ಪ್ರಿನ್ಸೆಪ್ ಇದ್ದ ಏಷ್ಯಾಟಿಕ್ ಸೊಸೈಟಿಯ ಅಭಿಪ್ರಾಯ ಬೇರೆಯಿತ್ತು: ಇಂಥವರು ಸಹಾಯಕರಾಗಿ ಸರಿ, ಮುಂದೆ ನಿಂತು ನಡೆಸುವ ಯೋಗ್ಯತೆ ಸಾಲದು. ಆದ್ದರಿಂದ ಸಾಹೇಬರೂ ಪಂಡಿತರೂ ಸರಿಸಮಾನರಾಗಿ ಕೂತು ವಿದ್ಯೆ ಹಂಚಿಕೊಂಡರು ಎಂಬ ಸಿಹಿ ಚಿತ್ರವೂ ನನಗೆ ಬೇಡ. ಸಂಬಳ, ಹೆಸರು, ತೀರ್ಪು ಮೂರೂ ಅವರ ಕೈಯಲ್ಲೇ ಇತ್ತು. ಆದರೆ ಪ್ರಿನ್ಸೆಪ್ ಆಗದೆಂದ ಕೆಲಸವನ್ನು ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಮಲೆಯೂರಿನವನೊಬ್ಬ ಯಾವ ಸಾಹೇಬನ ಅಪ್ಪಣೆಗೂ ಕಾಯದೆ ಮಾಡುತ್ತಿದ್ದ. ಪ್ರಿನ್ಸೆಪ್‌ಗೆ ಅದು ಕಾಣದಿದ್ದುದು ಸಹಜ, ನಮಗೂ ಕಾಣದಿರುವುದಕ್ಕೆ ನೆಪವಿಲ್ಲ.

ದೇವಚಂದ್ರ ಹೇಳಿದ್ದೆಲ್ಲ ನಿಜವೇ? ಖಂಡಿತ ಅಲ್ಲ. ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದ ಬಿ.ಎಲ್. ರೈಸ್ (ಇವನೂ ಪೂರಾ ಹೊರಗಿನವನಲ್ಲ, ಬೆಂಗಳೂರಿನಲ್ಲೇ ಹುಟ್ಟಿದವನು) ಚಂದ್ರಗುಪ್ತ ಮೌರ್ಯ ಅಲ್ಲಿಗೆ ಬಂದು ದೇಹ ಬಿಟ್ಟನೆಂಬುದಕ್ಕೆ ರಾಜಾವಳೀಕಥೆಯನ್ನೂ ಆಧಾರವಾಗಿ ಹಿಡಿದ. ಶಾಸನತಜ್ಞ ಫ್ಲೀಟ್ ಅದನ್ನು ಈಚಿನ ಕಾಲದ ಸಂಕಲನವೆಂದು ತಳ್ಳಿಹಾಕಿದ. ಸಾಕ್ಷ್ಯದ ಮಟ್ಟಿಗೆ ಫ್ಲೀಟನ ಆಕ್ಷೇಪಕ್ಕೆ ತೂಕವಿದೆ. ಎರಡು ಸಾವಿರ ವರ್ಷದ ಹಿಂದಿನದಕ್ಕೆ ನಿನ್ನೆ ಮೊನ್ನೆಯ ಪುಸ್ತಕ ಒಂದೇ ಸಾಕಾಗದು. ಆದರೂ ಗ್ರೀಕರು ‘ಸ್ಯಾಂಡ್ರಕೊಟಸ್’ ಎಂದು ಬರೆದಿಟ್ಟ ಅರಸ ಕೊನೆಗೆ ಏನಾದ ಎಂಬ ಚರ್ಚೆಯಲ್ಲಿ ಮಲೆಯೂರಿನ ಪುಸ್ತಕವೊಂದು ಪಕ್ಷ ವಹಿಸಿ ನಿಂತದ್ದು ಸಣ್ಣ ಮಾತಲ್ಲ.

ನಮ್ಮ ವಿದ್ವಾಂಸರು ದೇವಚಂದ್ರನನ್ನು ನಡೆಸಿಕೊಂಡ ರೀತಿಯ ಬಗ್ಗೆ ನನ್ನ ತಕರಾರು ಇನ್ನೂ ಹೆಚ್ಚಿನದು. ಯಾವ ಕವಿ ಯಾವ ಊರಿನವನು, ಯಾರು ಯಾರ ಶಿಷ್ಯ ಎಂದು ಬೇಕಾದಾಗ ಅವನ ಪುಟ ತಿರುವಿ, ಬೇಕಾದ್ದನ್ನು ಹೆಕ್ಕಿಕೊಂಡು, ಉಳಿದದ್ದನ್ನು ಕಟ್ಟುಕಥೆಯೆಂದು ಬದಿಗಿಟ್ಟರು. ಮೆಕೆಂಜಿ ಮಾಡಿದ್ದೂ ಅದನ್ನೇ ಅಲ್ಲವೇ? ಬಿ.ಎಸ್. ಸಣ್ಣಯ್ಯನವರು 1988ರಲ್ಲಿ ರಾಜಾವಳೀಕಥೆಯನ್ನು, ಎಂ.ಎಂ. ಕಲಬುರ್ಗಿಯವರು 1994ರಲ್ಲಿ ಕರ್ನಾಟಕದ ಕೈಫಿಯತ್ತುಗಳನ್ನು ಸಂಪಾದಿಸಿ ಕೊಟ್ಟಿದ್ದಾರೆ. ಪಠ್ಯ ಸಿಗುತ್ತಿಲ್ಲವೆಂಬ ಸಬೂಬೂ ಈಗ ಉಳಿದಿಲ್ಲ.

ಬರೆದವರು ಅವರು, ಸುಮ್ಮನೆ ಕೂತವರು ನಾವು ಎಂಬ ಮಾತು ಎಷ್ಟು ಪೊಳ್ಳು ಎನ್ನುವುದು ಗುಂಡ್ಲುಪೇಟೆಯ ಕಡೆಗೆ ಬಂದರೆ ಇನ್ನೂ ಸ್ಪಷ್ಟ. ಪಟ್ಟಕ್ಕೆ ಬರುವ ಮೊದಲು ಮೈಸೂರಿನ ಚಿಕ್ಕದೇವರಾಜ ಒಡೆಯ ವರ್ಷಗಟ್ಟಲೆ ಕಾವಲಿನಲ್ಲಿದ್ದದ್ದು ಪಕ್ಕದ ಹಂಗಳದಲ್ಲಿ. 1673ರಲ್ಲಿ ಅರಸನಾದ ಮೇಲೆ ಅವನು ತಂದೆಯ ನೆನಪಿಗೆ ಕಟ್ಟಿಸಿದ ಪರವಾಸುದೇವ ದೇಗುಲ ಗುಂಡ್ಲುಪೇಟೆಯಲ್ಲಿದೆ. ಅವನ ಮೊದಲ ಮಂತ್ರಿ ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತ. ಇವರಿಬ್ಬರ ಕಾಲದಲ್ಲಿ ಜಂಗಮರ ಕೊಲೆ ನಡೆಯಿತೆಂಬ ಭೀಕರ ಕಥೆ ಕಂಪನಿಯ ಅಧಿಕಾರಿ ವಿಲ್ಕ್ಸ್‌ನ ಇಂಗ್ಲಿಷ್ ಚರಿತ್ರೆಯಲ್ಲಿದೆ, ದೇವಚಂದ್ರನಲ್ಲೂ ಇದೆ, ಸಿ. ಹಯವದನರಾವ್ ಅದನ್ನು ಒಪ್ಪದೆ ವಾದ ಹೂಡಿದರು. ವಿಲ್ಕ್ಸ್‌ನ ಸಂಪುಟ ಮೊದಲು ಬಂದದ್ದು, ದೇವಚಂದ್ರನದು ಆಮೇಲಿನದು. ಹಾಗೆಂದು ದೇವಚಂದ್ರ ವಿಲ್ಕ್ಸ್‌ನಿಂದ ಪಡೆದ ಎನ್ನಲಾಗದು, ಇಬ್ಬರಿಗೂ ಈ ಸೀಮೆಯ ಬಾಯಿಮಾತು ಮುಟ್ಟಿರಬಹುದು. ಇಂಗ್ಲಿಷರು ತಿರುಚಿದರು ಎನ್ನುವವರೂ ಇಂಗ್ಲಿಷರು ಕಲಿಸಿದರು ಎನ್ನುವವರೂ ಈ ಮೂರು ಪಠ್ಯಗಳನ್ನು ಪಕ್ಕಪಕ್ಕಕ್ಕೆ ಇಟ್ಟುಕೊಂಡು, ಯಾವ ಸಾಲು ಯಾರ ಬಾಯಿಂದ ಹೊರಟಿತು ಎಂದು ಹಂಗಳದಿಂದಲೇ ಹುಡುಕಲು ಶುರುಮಾಡಲಿ.